ಹೀರೋ ಗೆಲ್ತಾನೆ ಅಂತ ಗೊತ್ತಿದ್ದರೂ ಕೆಲವು ಫೈಟ್ ಮಾತ್ರ ಯಾಕೆ ಹಿಡಿದು ಕೂರಿಸುತ್ತೆ?

ಪ್ರಶ್ನೆ: ಸೂಪರ್‌ಹೀರೋ ಸಿನಿಮಾಗಳಲ್ಲಿ ಕೆಲವು ಫೈಟ್ ನೋಡುವಾಗ ಕಣ್ಣು ಮಿಟುಕಿಸೋಕೂ ಮನಸ್ಸಾಗಲ್ಲ. ಇನ್ನು ಕೆಲವು ಶುರುವಾದ ಸ್ವಲ್ಪ ಹೊತ್ತಿಗೇ ಕೈ ತಾನಾಗಿ ಮೊಬೈಲ್ ಕಡೆ ಹೋಗುತ್ತೆ. ಎರಡರಲ್ಲೂ ಕಟ್ಟಡ ಬೀಳುತ್ತೆ, ಕಾರು ಹಾರುತ್ತೆ, ಗ್ರಾಫಿಕ್ಸ್‌ಗೆ ದುಡ್ಡು ಸುರಿದಿರುತ್ತಾರೆ. ಹಾಗಾದರೆ ವ್ಯತ್ಯಾಸ ಇರೋದು ಎಲ್ಲಿ?

ಉತ್ತರ: ಈ ಬಗೆಯ ಸಿನಿಮಾಗಳಿಗೆ ಹುಟ್ಟಿನಿಂದಲೇ ಒಂದು ತೊಂದರೆ ಇದೆ. ಹೀರೋ ಸಾಯಲ್ಲ ಅನ್ನೋದು ಟಿಕೆಟ್ ತಗೊಳ್ಳುವಾಗಲೇ ಗೊತ್ತಿರುತ್ತೆ. ಎಷ್ಟೋ ಸಲ ಮುಂದಿನ ಭಾಗ ಯಾವಾಗ ಬರುತ್ತೆ ಅಂತ ಅದನ್ನು ಮಾಡುವವರೇ ಮೊದಲೇ ಹೇಳಿಬಿಟ್ಟಿರುತ್ತಾರೆ. ಅದರ ಮೇಲೆ ಅವನಿಗೆ ಗುಂಡು ತಾಗಲ್ಲ, ಚಾಕು ಇಳಿಯಲ್ಲ, ಮೂವತ್ತನೇ ಮಹಡಿಯಿಂದ ಬಿದ್ದರೂ ಧೂಳು ಕೊಡವಿಕೊಂಡು ಏಳುತ್ತಾನೆ. ಮಾಮೂಲಿ ಆಕ್ಷನ್ ಸಿನಿಮಾದಲ್ಲಿ ಒಂದು ಒಡೆದ ಬಾಟಲಿ ಕಂಡರೂ ನಮ್ಮ ಎದೆ ಝಲ್ ಅನ್ನುತ್ತೆ. ಇಲ್ಲಿ ಇಡೀ ಬಸ್ಸನ್ನೇ ತಲೆ ಮೇಲೆ ಹಾಕಿದರೂ ಏನೂ ಅನ್ನಿಸಲ್ಲ.

ಅಂದರೆ 'ಇವನು ಗೆಲ್ತಾನಾ?' ಅನ್ನೋ ಪ್ರಶ್ನೆ ಇಲ್ಲಿ ಕೆಲಸಕ್ಕೆ ಬರಲ್ಲ. ಒಳ್ಳೇ ಫೈಟ್ ಮಾಡುವವರು ಆ ಜಾಗದಲ್ಲಿ ಬೇರೊಂದು ಪ್ರಶ್ನೆ ತಂದಿಡುತ್ತಾರೆ. ಗೆದ್ದರೂ ಏನು ಕಳ್ಕೋತಾನೆ? ಇಷ್ಟು ಜನರನ್ನು ಒಟ್ಟಿಗೆ ಕಾಪಾಡೋಕೆ ಆಗುತ್ತಾ? ಎದುರಿಗಿರುವವನು ಸ್ನೇಹಿತ, ನಿಜವಾಗಲೂ ಹೊಡೀತಾನಾ? ಇಂಥ ಒಂದು ಪ್ರಶ್ನೆ ಇದ್ದರೆ ಸಾಕು, ಉತ್ತರ ನಮಗೆ ಮೊದಲೇ ಗೊತ್ತಿರಲ್ಲ. ನನ್ನ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಗುಟ್ಟು ಇಷ್ಟೇ.

2004ರ 'ಸ್ಪೈಡರ್-ಮ್ಯಾನ್ 2' ತಗೊಳ್ಳಿ. ಸ್ಯಾಮ್ ರೈಮಿ ನಿರ್ದೇಶನದ್ದು. ಅದರ ರೈಲಿನ ಫೈಟ್ ಬಗ್ಗೆ ಜನ ಇವತ್ತಿಗೂ ಮಾತಾಡುತ್ತಾರೆ. ಬೆನ್ನಿಗೆ ಲೋಹದ ಕೈಗಳಿರುವ ವಿಲನ್ ಡಾಕ್ಟರ್ ಆಕ್ಟೋಪಸ್ ಮತ್ತು ಸ್ಪೈಡರ್-ಮ್ಯಾನ್ ಓಡುವ ರೈಲಿನ ಮೇಲೆ, ಪಕ್ಕದಲ್ಲಿ, ಒಳಗೆ ಎಲ್ಲಾ ಕಡೆ ಹೊಡೆದಾಡುತ್ತಾರೆ. ಅಲ್ಲಿಯವರೆಗೆ ಅದೊಂದು ಚೆನ್ನಾಗಿರೋ ಹೊಡೆದಾಟ, ಅಷ್ಟೇ. ಆಮೇಲೆ ಆಕ್ಟೋಪಸ್ ಪ್ರಯಾಣಿಕರನ್ನು ಹಿಡಿದು ಹೊರಗೆ ಎಸೆಯುತ್ತಾನೆ. ಸ್ಪೈಡರ್-ಮ್ಯಾನ್ ಹೊಡೆಯೋದು ಬಿಟ್ಟು ಅವರನ್ನು ಹಿಡಿಯೋಕೆ ಹೋಗಬೇಕು. ಕೊನೆಗೆ ಆಕ್ಟೋಪಸ್ ರೈಲು ನಿಲ್ಲಿಸುವ ವ್ಯವಸ್ಥೆಯನ್ನೇ ಹಾಳು ಮಾಡಿ ಅಲ್ಲಿಂದ ಹೊರಟುಹೋಗುತ್ತಾನೆ. ಗಮನಿಸಿ, ವಿಲನ್ ಅಲ್ಲಿ ಇಲ್ಲವೇ ಇಲ್ಲ. ಆದರೂ ಆ ದೃಶ್ಯದ ಅತಿ ಬಿಗಿಯಾದ ಭಾಗ ಶುರುವಾಗೋದೇ ಆಗ. ಸ್ಪೈಡರ್-ಮ್ಯಾನ್ ಮೊದಲು ಕಾಲು ಕೊಟ್ಟು ರೈಲು ನಿಲ್ಲಿಸೋಕೆ ನೋಡುತ್ತಾನೆ, ಹಳಿಯ ಅಡಿಯ ಮರದ ದಿಮ್ಮಿಗಳು ಪಟಪಟ ಮುರಿಯುತ್ತವೆ, ರೈಲು ನಿಲ್ಲಲ್ಲ. ಆಮೇಲೆ ಎರಡೂ ಬದಿಯ ಕಟ್ಟಡಗಳಿಗೆ ಬಲೆ ಎಸೆದು ತನ್ನ ಮೈಯನ್ನೇ ಬ್ರೇಕ್ ಮಾಡಿಕೊಳ್ಳುತ್ತಾನೆ. ಬಟ್ಟೆ ಹರಿಯುತ್ತೆ, ಮುಖದಲ್ಲಿ ನೋವು ಪೂರ್ತಿ ಕಾಣುತ್ತೆ. ಅವನ ಶಕ್ತಿಗೆ ಒಂದು ಮಿತಿ ಇದೆ ಅಂತ ನಮಗೆ ಕಣ್ಣಾರೆ ತೋರಿಸಿದ್ದಾರೆ. ಆ ಮಿತಿ ಎಲ್ಲಿ ಮುಗಿಯುತ್ತೆ ಅನ್ನೋದು ಮಾತ್ರ ಗೊತ್ತಿಲ್ಲ.

ಮುಖ ಕಾಣುತ್ತೆ ಅಂದೆನಲ್ಲ, ಅದು ಸುಮ್ನೆ ಆದದ್ದಲ್ಲ. ಅವನ ಮುಖವಾಡ ಆ ಹೊತ್ತಿಗೆ ತೆಗೆದಾಗಿರುತ್ತೆ. ಸೂಪರ್‌ಹೀರೋ ಫೈಟ್‌ಗಳಲ್ಲಿ ಮುಖವಾಡ ವರವೂ ಹೌದು, ಶಾಪವೂ ಹೌದು. ವರ ಯಾಕೆಂದರೆ ಒಳಗಿರೋದು ನಟನೋ ಡ್ಯೂಪೋ ಅಂತ ನೋಡುವವರಿಗೆ ಗೊತ್ತಾಗಲ್ಲ. ಮಾಮೂಲಿ ಸಿನಿಮಾದಲ್ಲಿ ಡ್ಯೂಪ್ ಹೊಡೆದಾಡುವಾಗ ಕ್ಯಾಮೆರಾ ಬೆನ್ನ ಹಿಂದೆ ಅಡಗಬೇಕು, ಮುಖ ಬರುವಷ್ಟರಲ್ಲಿ ಕಟ್ ಮಾಡಬೇಕು. ಇಲ್ಲಿ ಆ ಗೋಜಿಲ್ಲ, ಉದ್ದನೆಯ ಶಾಟ್ ಆರಾಮಾಗಿ ತೆಗೆಯಬಹುದು. ಶಾಪ ಯಾಕೆಂದರೆ ಏಟು ಬಿದ್ದಾಗ ನಾವು ನೋಡೋದು ಏಟನ್ನಲ್ಲ, ಏಟು ತಿಂದವನ ಮುಖವನ್ನು. ಅದು ಕಾಣದಿದ್ದರೆ ಒಳಗೆ ಮನುಷ್ಯ ಇದ್ದಾನೆ ಅನ್ನೋದೇ ಮರೆತುಹೋಗುತ್ತೆ. ಕೊನೇ ಫೈಟ್ ಬಂತು ಅಂದರೆ ಹೀರೋನ ಮುಖವಾಡ ಅದು ಹೇಗೋ ಅರ್ಧ ಹರಿದುಕೊಳ್ಳೋದು ಇದಕ್ಕೇ. 2008ರ 'ಐರನ್ ಮ್ಯಾನ್'ನಲ್ಲಿ ಇದಕ್ಕೆ ಇನ್ನೊಂದು ದಾರಿ ಹುಡುಕಿದರು. ಲೋಹದ ಹೆಲ್ಮೆಟ್ ಒಳಗಿಂದಲೇ, ಕಣ್ಣ ಮುಂದೆ ಅಂಕಿಅಂಶಗಳು ಓಡಾಡುತ್ತಿರುವ ಹಾಗೆ, ಸೂಟ್ ಒಳಗಿರುವ ಹೀರೋ ಟೋನಿ ಸ್ಟಾರ್ಕ್ ಮುಖವನ್ನು ಹತ್ತಿರದಿಂದ ತೋರಿಸಿದರು. ಲಾಜಿಕ್ ನೋಡಿದರೆ ಅಲ್ಲಿ ಕ್ಯಾಮೆರಾ ಇಡೋಕೆ ಜಾಗವೇ ಇಲ್ಲ. ಆದರೆ ಯಾರೂ ಅದನ್ನು ಕೇಳಲ್ಲ, ಯಾಕೆಂದರೆ ನಮಗೆ ಬೇಕಿದ್ದದ್ದು ಆ ಮುಖ.

ಇನ್ನು ಜಾಗದ ವಿಷಯ. ಇದನ್ನು ಜನ ಜಾಸ್ತಿ ಗಮನಿಸಲ್ಲ, ಆದರೆ ನನಗೆ ಇದೇ ಬಹಳ ಮುಖ್ಯ. ಯಾರು ಎಲ್ಲಿದ್ದಾರೆ, ಬಾಗಿಲು ಯಾವ ಕಡೆ, ತಪ್ಪಿಸಿಕೊಳ್ಳೋಕೆ ದಾರಿ ಇದೆಯಾ ಅಂತ ನೋಡುವವನಿಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಏನಾಗ್ತಿದೆ ಅಂತ ಹುಡುಕೋದರಲ್ಲೇ ನಮ್ಮ ತಲೆ ಸವೆಯುತ್ತೆ, ಭಯ ಪಡೋಕೆ ಪುರುಸೊತ್ತು ಸಿಗಲ್ಲ.

2014ರ 'ಕ್ಯಾಪ್ಟನ್ ಅಮೆರಿಕ: ದಿ ವಿಂಟರ್ ಸೋಲ್ಜರ್' ಸಿನಿಮಾದ ಲಿಫ್ಟ್ ಫೈಟ್ ಇದಕ್ಕೆ ಪಾಠದ ಹಾಗಿದೆ. ಗಾಜಿನ ಗೋಡೆಯ ಒಂದು ಲಿಫ್ಟ್. ಕ್ಯಾಪ್ಟನ್ ಒಳಗಿದ್ದಾನೆ. ಲಿಫ್ಟ್ ಒಂದು ಮಹಡಿಯಲ್ಲಿ ನಿಲ್ಲುತ್ತೆ, ಅವನ ಜೊತೆ ಕೆಲಸ ಮಾಡುವ ಕೆಲವರು ಹತ್ತುತ್ತಾರೆ, ಕೆಲಸದ ಮಾತು ಆಡುತ್ತಾರೆ. ಮತ್ತೆ ನಿಲ್ಲುತ್ತೆ, ಇನ್ನಷ್ಟು ಜನ. ಮತ್ತೆ ನಿಲ್ಲುತ್ತೆ. ಒಬ್ಬನ ಕೈ ಆಯುಧದ ಹತ್ತಿರವೇ ಇರೋದು ಕ್ಯಾಪ್ಟನ್ ಕಣ್ಣಿಗೆ ಬೀಳುತ್ತೆ. ಇನ್ನೊಬ್ಬನ ಕೆನ್ನೆ ಮೇಲೆ ಬೆವರು ಇಳಿಯುತ್ತಿದೆ. ಇನ್ನೂ ಒಂದೇ ಒಂದು ಏಟು ಬಿದ್ದಿಲ್ಲ, ಆದರೂ ನಾವು ಕುರ್ಚಿ ತುದಿಗೆ ಬಂದಿರುತ್ತೇವೆ. ಶುರು ಮಾಡೋ ಮುಂಚೆ ಯಾರಾದರೂ ಇಳಿದುಹೋಗ್ತೀರಾ ಅಂತ ಅವನೇ ಕೇಳುತ್ತಾನೆ, ಅಲ್ಲಿಗೆ ಶಿಳ್ಳೆ.

ಈ ದೃಶ್ಯದಲ್ಲಿ ಜಾಗವೇ ಹೀರೋನ ಶಕ್ತಿಯನ್ನು ಕಡಿಮೆ ಮಾಡಿಬಿಟ್ಟಿದೆ. ಕೈ ಬೀಸೋಕೆ ಜಾಗ ಇಲ್ಲ, ತನ್ನ ಆಯುಧವಾದ ಗುರಾಣಿ ಎಸೆಯೋಕಂತೂ ಆಗಲ್ಲ. ಜೊತೆಗೆ ಅಯಸ್ಕಾಂತದ ಕೋಳ ಹಾಕಿ ಅವನ ಒಂದು ಕೈಯನ್ನು ಲಿಫ್ಟ್ ಗೋಡೆಗೆ ಅಂಟಿಸುತ್ತಾರೆ. ಇಷ್ಟು ದೊಡ್ಡ ಬಲಶಾಲಿಯನ್ನು ಕಟ್ಟಿಹಾಕೋಕೆ ಯಾವ ರಾಕ್ಷಸನೂ ಬೇಕಾಗಲಿಲ್ಲ, ಒಂದು ಇಕ್ಕಟ್ಟಾದ ಪೆಟ್ಟಿಗೆ ಸಾಕಾಯಿತು. ಬರೆಯುವವರು ಜಾಣರಾಗಿದ್ದರೆ ವಿಲನ್‌ಗೆ ಶಕ್ತಿ ಸೇರಿಸುತ್ತಾ ಹೋಗಲ್ಲ, ಹೀರೋನಿಂದ ಏನಾದರೂ ಕಿತ್ತುಕೊಳ್ಳುತ್ತಾರೆ.

'ಬ್ಲ್ಯಾಕ್ ಪ್ಯಾಂಥರ್' (2018) ಒಂದೇ ಸಿನಿಮಾದಲ್ಲಿ ಎರಡೂ ಬಗೆ ಸಿಗುತ್ತೆ. ಜಲಪಾತದ ಅಂಚಿನಲ್ಲಿ ಸಿಂಹಾಸನಕ್ಕಾಗಿ ನಡೆಯುವ ಕಾಳಗಗಳಿವೆಯಲ್ಲ, ಅಲ್ಲಿ ನಿಯಮವೇ ಹಾಗೆ: ಹೀರೋ ಟಿಚಾಲಾ ಮೊದಲು ಒಂದು ರಸ ಕುಡಿದು ತನ್ನ ವಿಶೇಷ ಶಕ್ತಿಯನ್ನು ಬಿಟ್ಟುಕೊಡಬೇಕು. ಸೂಟ್ ಇಲ್ಲ, ಶಕ್ತಿ ಇಲ್ಲ, ಕಾಲಡಿಗೆ ನೀರು, ಬೆನ್ನ ಹಿಂದೆ ಪ್ರಪಾತ, ಸುತ್ತ ಅವನ ಜನ. ಏಟು ಬಿದ್ದರೆ ಅಮ್ಮನ ಮುಖ ನೋಡುತ್ತೇವೆ, ತಂಗಿಯ ಮುಖ ನೋಡುತ್ತೇವೆ. ಎದುರಾಳಿ ಕಿಲ್‌ಮಾಂಗರ್ ಅವನನ್ನು ಎತ್ತಿ ಕೆಳಕ್ಕೆ ಎಸೆದಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಅದೇ ಇಬ್ಬರು ಕೊನೆಯಲ್ಲಿ ನೆಲದಡಿಯ ರೈಲು ಹಳಿಯ ಹತ್ತಿರ ಮತ್ತೆ ಹೊಡೆದಾಡುತ್ತಾರೆ, ಆಗ ಅಷ್ಟು ತಟ್ಟಲ್ಲ. ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ತರದ ಕಪ್ಪು ಸೂಟ್, ಹಿನ್ನೆಲೆಯೂ ಕತ್ತಲು, ಯಾರ ಕೈ ಯಾರದು ಅಂತ ತಿಳಿಯೋಕೇ ಒಂದು ಕ್ಷಣ ಬೇಕು. ಆ ಭಾಗದ ಗ್ರಾಫಿಕ್ಸ್ ಬಗ್ಗೆ ಆಗ ದೂರು ಬಂದಿದ್ದು ಅನೇಕರಿಗೆ ನೆನಪಿರಬಹುದು. ಅಲ್ಲೂ ಜೀವ ಬರೋದು ಹೊಡೆದಾಟ ನಿಂತು, ಇಬ್ಬರ ಮುಖ ಕಾಣಿಸಿ, ಮಾತು ಶುರುವಾದಾಗಲೇ.

ಗ್ರಾಫಿಕ್ಸ್ ದೇಹಗಳಲ್ಲಿ ಕೈಕೊಡೋದು ಸಾಮಾನ್ಯವಾಗಿ ತೂಕ. ನಿಜವಾದ ಮನುಷ್ಯ ಜಿಗಿಯೋ ಮುಂಚೆ ಮೊಣಕಾಲು ಬಗ್ಗಿಸುತ್ತಾನೆ, ಇಳಿದ ಮೇಲೆ ಒಂದು ಹೆಜ್ಜೆ ತಡವರಿಸುತ್ತಾನೆ, ಜೋರಾಗಿ ಗುದ್ದಿದರೆ ಅವನ ಭುಜವೂ ಹಿಂದಕ್ಕೆ ಬರುತ್ತೆ. ಈ ಚಿಕ್ಕಪುಟ್ಟ ತಯಾರಿ, ತಡವರಿಕೆ ಬಿಟ್ಟುಹೋದರೆ ಎಷ್ಟೇ ಚೆನ್ನಾಗಿ ಚರ್ಮ ಬಿಡಿಸಿದ್ದರೂ ದೇಹ ರಬ್ಬರ್ ಅನ್ನಿಸುತ್ತೆ. ಕ್ಯಾಮೆರಾಗೂ ಇದೇ ಮಾತು. ಕಂಪ್ಯೂಟರ್ ಒಳಗಿನ ಕ್ಯಾಮೆರಾ ಎಲ್ಲಿ ಬೇಕಾದರೂ ಹಾರಬಹುದು, ಗೋಡೆಯನ್ನೂ ತೂರಬಹುದು. ಹಾಗೆ ಹಾರಿಸಿದಷ್ಟೂ ದೃಶ್ಯ ವಿಡಿಯೋ ಗೇಮ್ ಕಡೆ ವಾಲುತ್ತೆ. ಒಬ್ಬ ನಿಜವಾದ ಕ್ಯಾಮೆರಾಮನ್ ನಿಂತಿದ್ದರೆ ಆಗುವ ಹಾಗೆ ಸ್ವಲ್ಪ ತಡವಾಗಿ ತಿರುಗಿಸಿ, ಸ್ವಲ್ಪ ಅಲುಗಾಡಿಸಿ ತೋರಿಸಿದರೆ ನಾವು ಜಾಸ್ತಿ ನಂಬುತ್ತೇವೆ. ಆಗಲೇ ಹೇಳಿದ ಆಕ್ಟೋಪಸ್‌ನ ಲೋಹದ ಕೈಗಳು ಕೂಡ ಎಲ್ಲಾ ಶಾಟ್‌ಗಳಲ್ಲೂ ಗ್ರಾಫಿಕ್ಸ್ ಅಲ್ಲ. ಅನೇಕ ಕಡೆ ಸೆಟ್‌ನಲ್ಲೇ ನಿಜವಾದ ಕೈಗಳನ್ನು ಮಾಡಿಟ್ಟು, ಬೊಂಬೆ ಆಡಿಸುವವರು ಅವನ್ನು ಆಡಿಸಿದ್ದಾರೆ.

ಕಟಿಂಗ್ ಬಗ್ಗೆ ಎಲ್ಲರಿಗೂ ಕೋಪ ಇದೆ, ನನಗೂ ಇದೆ. ಒಂದು ಏಟಿಗೆ ಮೂರು ಕಟ್, ಏನೂ ಕಾಣಲ್ಲ. ಇದಕ್ಕೆ ಎಡಿಟರ್‌ನನ್ನು ಬೈಯೋದು ಸುಲಭ, ಆದರೆ ಕಾರಣ ಬಹಳ ಸಲ ಹಿಂದೆಯೇ ಇರುತ್ತೆ. ಸಿನಿಮಾದಲ್ಲಿ ಗುದ್ದು ತಾಗಲ್ಲ ಅನ್ನೋದು ನಿಮಗೆ ಗೊತ್ತೇ ಇದೆ. ಮುಷ್ಟಿ ಮುಖದಿಂದ ದೂರದಲ್ಲೇ ಹಾದುಹೋಗುತ್ತೆ, ಆ ಸಂದು ಕಾಣದ ಕೋನದಲ್ಲಿ ಕ್ಯಾಮೆರಾ ಇಡುತ್ತಾರೆ, ತಿಂದವನು ಸರಿಯಾದ ಕ್ಷಣಕ್ಕೆ ತಲೆ ತಿರುಗಿಸುತ್ತಾನೆ. ಇದನ್ನು ಕಟ್ ಇಲ್ಲದೆ ಸಾಲಾಗಿ ಹತ್ತು ಏಟಿಗೆ ಮಾಡಬೇಕು ಅಂದರೆ ವಾರಗಟ್ಟಲೆ ತಾಲೀಮು ಬೇಕು. ನಟನಿಗೆ ಅಷ್ಟು ಬಿಡುವು ಇಲ್ಲದಿದ್ದರೆ ತುಂಡು ತುಂಡಾಗಿ ತೆಗೆದು ಮುಚ್ಚಿಹಾಕೋದು ಬಿಟ್ಟು ಬೇರೆ ದಾರಿ ಇರಲ್ಲ. ಮಕ್ಕಳೂ ನೋಡೋ ಸಿನಿಮಾ ಆದ್ದರಿಂದ ಏಟು ತಾಗುವ ಕ್ಷಣವನ್ನು ಕತ್ತರಿಸಿ, ಯಾವ ವಯಸ್ಸಿನವರು ನೋಡಬಹುದು ಅನ್ನೋ ರೇಟಿಂಗ್ ಉಳಿಸಿಕೊಳ್ಳೋದೂ ಉಂಟು. ಹಾಂಗ್‌ಕಾಂಗ್ ಸಿನಿಮಾಗಳಲ್ಲಿ ಇದರ ತದ್ವಿರುದ್ಧ ಪದ್ಧತಿ ಇತ್ತು. ಏಟು ತಾಗೋದನ್ನು ಒಂದು ಶಾಟ್‌ನಲ್ಲಿ ತೋರಿಸಿ, ಮುಂದಿನ ಶಾಟನ್ನು ಅದಕ್ಕಿಂತ ಕೆಲವೇ ಫ್ರೇಮ್ ಹಿಂದಿನಿಂದ ಶುರು ಮಾಡುತ್ತಿದ್ದರು. ಸೆಕೆಂಡಿಗೆ 24 ಫ್ರೇಮ್ ಓಡುವಾಗ ಎರಡು ಮೂರು ಫ್ರೇಮ್ ಮತ್ತೆ ಬಂದರೆ ನಮಗೆ ಗೊತ್ತಾಗಲ್ಲ, ಆದರೆ ಏಟು ಮಾತ್ರ ಎರಡು ಪಟ್ಟು ಜೋರಾಗಿ ಬಿದ್ದ ಹಾಗೆ ಅನ್ನಿಸುತ್ತೆ. 2021ರ 'ಶಾಂಗ್-ಚಿ' ಸಿನಿಮಾದ ಬಸ್ ಫೈಟ್ ಸ್ಪಷ್ಟವಾಗಿ ಕಾಣೋದಕ್ಕೂ ಆ ಕಡೆಯ ನಂಟಿದೆ. ಅದರ ಫೈಟ್‌ಗಳ ಹಿಂದೆ ಇದ್ದ ಬ್ರ್ಯಾಡ್ ಆಲನ್, ಜಾಕಿ ಚಾನ್ ಅವರ ಸ್ಟಂಟ್ ತಂಡದಲ್ಲಿ ಪಳಗಿದವರು. ಸಿನಿಮಾ ಬಿಡುಗಡೆಗೆ ಸ್ವಲ್ಪ ಮುಂಚೆ ತೀರಿಕೊಂಡರು, ಸಿನಿಮಾವನ್ನು ಅವರಿಗೇ ಅರ್ಪಿಸಿದ್ದಾರೆ.

ಆ ಬಸ್ ಫೈಟ್‌ನಲ್ಲಿ ಕತೆಯೂ ನಡೆಯುತ್ತಲೇ ಇರುತ್ತೆ. ಬ್ರೇಕ್ ಹೋದ ಬಸ್ಸನ್ನು ಹೀರೋ ಶಾಂಗ್-ಚಿಯ ಗೆಳತಿ ಕೇಟಿ ಓಡಿಸುತ್ತಿದ್ದಾಳೆ. ತನ್ನ ಜೊತೆ ಕಾರು ಪಾರ್ಕ್ ಮಾಡುವ ಕೆಲಸ ಮಾಡ್ತಿದ್ದ ಹುಡುಗ ಇವನೇನಾ ಅಂತ ಅವಳಿಗೆ ಆಗಲೇ ಮೊದಲ ಸಲ ಗೊತ್ತಾಗ್ತಿದೆ. ಆ ಫೈಟ್ ಕಿತ್ತುಹಾಕಿದರೆ ಕತೆಯಲ್ಲಿ ತೂತು ಬೀಳುತ್ತೆ. ಎಷ್ಟೋ ಸಿನಿಮಾಗಳ ಫೈಟ್ ತೆಗೆದುಹಾಕಿ ನೋಡಿ, ಕತೆಗೆ ಏನೂ ಆಗಲ್ಲ. ಇದಕ್ಕೆ ಕೆಲಸ ಹಂಚಿಕೆಯೂ ಒಂದು ಕಾರಣ. ನಿರ್ದೇಶಕ ಮಾತಿನ ದೃಶ್ಯ ತೆಗೆಯುತ್ತಿರುವಾಗ ಇನ್ನೊಂದು ಯುನಿಟ್ ಬೇರೆ ಕಡೆ ಫೈಟ್ ತೆಗೆಯುತ್ತಿರುತ್ತೆ. ಸ್ಟಂಟ್ ತಂಡದವರು ಅದಕ್ಕೂ ಮುಂಚೆಯೇ ತಾಲೀಮು ಹಾಲ್‌ನಲ್ಲಿ ರಟ್ಟಿನ ಡಬ್ಬಗಳನ್ನು ಗೋಡೆ, ಕಾರು, ಕಂಬ ಅಂದುಕೊಂಡು ಜೋಡಿಸಿ ಇಡೀ ಫೈಟನ್ನು ಚಿತ್ರೀಕರಿಸಿ, ಎಡಿಟ್ ಮಾಡಿ ತೋರಿಸುತ್ತಾರೆ. ಆ ರಟ್ಟಿನ ಡಬ್ಬದ ಹಂತದಲ್ಲಿ ಬರಹಗಾರನೂ ನಿರ್ದೇಶಕನೂ ಪಕ್ಕದಲ್ಲಿ ಕೂತು ತಲೆ ಹಾಕಿದ್ದರೆ ಫೈಟ್‌ಗೆ ಕತೆ ಅಂಟಿಕೊಳ್ಳುತ್ತೆ. (ಇಷ್ಟೆಲ್ಲ ಮಾಡುವ ಸ್ಟಂಟ್ ತಂಡದವರಿಗೆ ಆಸ್ಕರ್‌ನಲ್ಲಿ ಒಂದು ವಿಭಾಗ ಮಾಡ್ತೀವಿ ಅಂತ ಘೋಷಿಸಿದ್ದು 2025ರಲ್ಲಿ! ಅದೂ 2027ರಲ್ಲಿ ಬರುವ ಸಿನಿಮಾಗಳಿಂದ.)

ಸದ್ದಿನ ಬಗ್ಗೆ ಒಂದೇ ಮಾತು: ಜೋರಾದ ಏಟಿನ ಮುಂಚೆ ಅರೆಕ್ಷಣ ಎಲ್ಲವನ್ನೂ ಮೌನ ಮಾಡುವವರು ಕೆಲಸ ಬಲ್ಲವರು. ಶುರುವಿಂದ ಕೊನೆವರೆಗೆ ಢಂ ಢಂ ಅಂತಿದ್ದರೆ ಕಿವಿ ಬೇಗ ಒಗ್ಗಿಹೋಗುತ್ತೆ.

ಕೊನೆಗೆ, ದೊಡ್ಡದಾದಷ್ಟೂ ಚೆನ್ನಾಗಿರುತ್ತಾ ಅನ್ನೋದು. 2016ರ 'ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್'ನಲ್ಲಿ ವಿಮಾನ ನಿಲ್ದಾಣದಲ್ಲಿ ಹನ್ನೆರಡು ಹೀರೋಗಳು ತಮ್ಮತಮ್ಮಲ್ಲೇ ಹೊಡೆದಾಡುತ್ತಾರೆ. ಮಜಾ ಇದೆ, ಜೋಕ್ ಇದೆ, ಒಬ್ಬೊಬ್ಬರ ಶಕ್ತಿಯನ್ನೂ ಚೆನ್ನಾಗಿ ಬಳಸಿದ್ದಾರೆ. ಆದರೆ ಅವರೇ ಒಬ್ಬರಿಗೊಬ್ಬರು ಮೆಲ್ಲಗೆ ಹೊಡೀತಿದ್ದಾರೆ, ನಮಗೂ ಗೊತ್ತು. ಆಮೇಲೆ ಸೈಬೀರಿಯಾದ ಒಂದು ಬಂಕರ್‌ನಲ್ಲಿ ಮೂರೇ ಜನ. ಟೋನಿ ಒಂದು ಹಳೇ ವಿಡಿಯೋದಲ್ಲಿ ತನ್ನ ಅಪ್ಪ ಅಮ್ಮನನ್ನು ಕೊಂದದ್ದು ಯಾರು ಅಂತ ನೋಡುತ್ತಾನೆ. ಕೊಂದವನು ಪಕ್ಕದಲ್ಲೇ ಇದ್ದಾನೆ, ಅವನ ಪರ ನಿಲ್ಲೋದು ತನ್ನ ಸ್ನೇಹಿತ ಸ್ಟೀವ್, ಅಂದರೆ ಕ್ಯಾಪ್ಟನ್ ಅಮೆರಿಕ. ಅಲ್ಲಿಂದಾಚೆ ಬೀಳುವ ಏಟುಗಳಲ್ಲಿ ಲೆಕ್ಕಾಚಾರ ಇಲ್ಲ, ಸಿಟ್ಟು ಇದೆ. ಸ್ಟೀವ್‌ನ ಹೊಡೆತ ತಡೆಯೋಕೆ ಆಗದೆ ಟೋನಿ ತನ್ನ ಸೂಟ್‌ನ ಕಂಪ್ಯೂಟರ್‌ಗೆ ಅವನು ಹೊಡೆಯೋ ರೀತಿ ಲೆಕ್ಕ ಹಾಕು ಅನ್ನುತ್ತಾನೆ, ಸ್ನೇಹಿತನ ಹೊಡೆತವನ್ನು ಯಂತ್ರ ಓದಿ ಕೊಡುತ್ತೆ. ಯಾವ ಆಕಾಶವೂ ಬಿರಿಯಲ್ಲ, ಯಾವ ಊರೂ ಉರುಳಲ್ಲ. ಕೊನೆಗೆ ಸ್ಟೀವ್ ಗುರಾಣಿಯನ್ನು ಟೋನಿಯ ಎದೆಯ ಯಂತ್ರಕ್ಕೆ ಹೊಡೆದು ನಿಲ್ಲಿಸುತ್ತಾನೆ, ಗುರಾಣಿ ಅಲ್ಲೇ ಬಿಟ್ಟು ಹೋಗುತ್ತಾನೆ. ಗೆದ್ದದ್ದು ಯಾರು ಅಂತ ಕೇಳಿದರೆ ಹೇಳೋಕಾಗಲ್ಲ.

ನೀವು ಮೊಬೈಲ್ ತೆಗೆಯೋದು ಬಹುಶಃ ಇದಕ್ಕೆ ಉಲ್ಟಾ ಇರುವ ಕಡೆ. ಆಕಾಶದಲ್ಲಿ ತೂತು, ಅದರೊಳಗಿಂದ ಸಾವಿರಾರು ಒಂದೇ ತರದ ಜಂತುಗಳು, ಒಂದು ಏಟಿಗೆ ನಾಲ್ಕು ಉದುರುತ್ತವೆ. ಅವಕ್ಕೆ ಹೆಸರಿಲ್ಲ, ಅವು ಸತ್ತರೆ ಯಾರಿಗೂ ಏನೂ ಆಗಲ್ಲ. ಹೀರೋಗೂ ಸುಸ್ತಾಗಲ್ಲ. 2012ರ 'ದಿ ಅವೆಂಜರ್ಸ್'ನಲ್ಲೂ ಇದೇ ಜಂತುಗಳ ಸೈನ್ಯ ಇದೆ, ನಿಜ. ಆದರೆ ಅಲ್ಲಿ ಕ್ಯಾಮೆರಾ ಒಂದೇ ಉದ್ದನೆಯ ಓಟದಲ್ಲಿ ಒಬ್ಬ ಹೀರೋನಿಂದ ಇನ್ನೊಬ್ಬನ ಕಡೆಗೆ ಸಾಗುತ್ತಾ, ಇಡೀ ಸಿನಿಮಾ ಕಚ್ಚಾಡುತ್ತಿದ್ದ ಇವರು ಈಗ ಒಬ್ಬರಿಗೊಬ್ಬರು ಕೈಜೋಡಿಸ್ತಿದ್ದಾರೆ ಅನ್ನೋದನ್ನು ತೋರಿಸುತ್ತೆ. ಜಂತುಗಳನ್ನು ಅಲ್ಲಿ ಯಾರೂ ನೋಡ್ತಾ ಇರಲ್ಲ, ಅಲ್ವಾ? ಅದರ ನಂತರ ಬಂದ ಎಷ್ಟೋ ಸಿನಿಮಾಗಳು ಎತ್ತಿಕೊಂಡದ್ದು ಮಾತ್ರ ಆ ಜಂತುಗಳನ್ನು, ಆ ಆಕಾಶದ ತೂತನ್ನು.