ಜೀವ ಬರುವುದು ಯಾವ ದಿನ? ಗರ್ಭಪಾತದ ಬಗ್ಗೆ ಕ್ರೈಸ್ತರ ನಿಲುವು ಬೆಳೆದು ಬಂದ ದಾರಿ

ಐದು ತಿಂಗಳ ಬಸುರಿಯನ್ನು ಕಂಡರೆ ಮಂಡ್ಯದ ಕಡೆಯ ಹಿರಿಯ ಹೆಂಗಸರು ಮೊದಲು ಕೇಳುವುದು, ‘ಕೂಸು ಮಿಸುಕ್ತಾ?’ ಎಂದು. ಹೊಟ್ಟೆಯೊಳಗಿನ ಆ ಅಲುಗಾಟ ತಾಯಿಗೆ ತಿಳಿಯುವುದು ಸುಮಾರು 16ರಿಂದ 20ನೇ ವಾರದೊಳಗೆ. ಒಡಲಲ್ಲಿರುವುದಕ್ಕೆ ಜೀವ ಬಂದದ್ದು ಯಾವಾಗ ಎಂಬ ಇದೇ ಪ್ರಶ್ನೆಯನ್ನು ಕ್ರೈಸ್ತ ಪಂಡಿತರು ಸಾವಿರಕ್ಕೂ ಹೆಚ್ಚು ವರ್ಷ ಚರ್ಚಿಸಿದ್ದಾರೆ. ಕ್ರೈಸ್ತರೆಂದ ಮೇಲೆ ಗರ್ಭಪಾತಕ್ಕೆ ವಿರೋಧಿಗಳೇ ಎಂದು ಒಂದೇ ಮಾತಿನಲ್ಲಿ ಮುಗಿಸುವವರು ಬಹಳ. ಅದು ಅರ್ಧ ನಿಜ. ಗರ್ಭ ತೆಗೆಸುವುದು ಪಾಪ ಎಂದು ಹೇಳಲು ಆದಿಸಭೆ, ಅಂದರೆ ಮೊದಲ ಶತಮಾನಗಳ ಕ್ರೈಸ್ತ ಸಮುದಾಯ, ಹಿಂದೆಮುಂದೆ ನೋಡಲಿಲ್ಲ. ಯಾವ ದಿನದಿಂದ ಅದು ಕೊಲೆಗೆ ಸಮ, ಅದಕ್ಕೆ ಶಿಕ್ಷೆ ಏನು ಎಂಬುದು ಮಾತ್ರ ಕಾಲದಿಂದ ಕಾಲಕ್ಕೆ, ಪಂಗಡದಿಂದ ಪಂಗಡಕ್ಕೆ ಬದಲಾಗುತ್ತಾ ಬಂದಿದೆ.

ಬೈಬಲ್ಲಿನಲ್ಲಿ ಗರ್ಭಪಾತವನ್ನು ನೇರವಾಗಿ ನಿಷೇಧಿಸುವ ವಾಕ್ಯವಿಲ್ಲ. ತಾಯಿಯ ಗರ್ಭದಲ್ಲೇ ದೇವರು ತನ್ನನ್ನು ರೂಪಿಸಿದನೆಂದು ಹಾಡುವ 139ನೇ ಕೀರ್ತನೆಯನ್ನೂ ಯೆರೆಮೀಯನ ಮೊದಲ ಅಧ್ಯಾಯವನ್ನೂ ಪ್ರಸಂಗಗಳಲ್ಲಿ ಹೆಚ್ಚಾಗಿ ಉದ್ಧರಿಸುತ್ತಾರೆ. ತೊಡಕಿರುವುದು ವಿಮೋಚನಕಾಂಡದ 21ನೇ ಅಧ್ಯಾಯದಲ್ಲಿ. ಗಂಡಸರ ಜಗಳದ ನಡುವೆ ಬಸುರಿಗೆ ಪೆಟ್ಟು ಬಿದ್ದು ಗರ್ಭ ಹೊರಬಂದರೆ, ಬೇರೆ ಹಾನಿಯಾಗದಿದ್ದಲ್ಲಿ ದಂಡ, ಹಾನಿಯಾದರೆ ಜೀವಕ್ಕೆ ಜೀವ ಎನ್ನುತ್ತದೆ ಹೀಬ್ರೂ ಪಾಠ. ಹಳೆಯ ಗ್ರೀಕ್ ಅನುವಾದ ಇದನ್ನೇ ಬೇರೆ ಮಾಡಿತು: ರೂಪ ಮೂಡದ ಪಿಂಡವಾದರೆ ದಂಡ, ರೂಪ ಮೂಡಿದ್ದರೆ ಜೀವಕ್ಕೆ ಜೀವ. ಆದಿಸಭೆಯ ಬೋಧನೆಯ ಪುಸ್ತಕವಾದ ‘ದಿದಾಖೆ’ ಗರ್ಭಪಾತ ಕೂಡದೆಂದು ನೇರವಾಗಿ ಹೇಳಿತಾದರೂ, ರೂಪ ಮೂಡುವ ಮೊದಲು ಮತ್ತು ಆಮೇಲೆ ಎಂಬ ವಿಂಗಡಣೆ ಆಮೇಲೆ ಬಂದ ಧರ್ಮಪಂಡಿತ ಸಂತ ಅಗಸ್ಟೀನರ ಬರಹದಲ್ಲಿ ನೆಲೆನಿಂತಿತು. 13ನೇ ಶತಮಾನದ ಧರ್ಮಪಂಡಿತ ಥಾಮಸ್ ಅಕ್ವಿನಾಸ್ ಕೂಡ ದೇಹ ಒಂದು ಹದಕ್ಕೆ ಬಂದ ಮೇಲೆಯೇ ಮನುಷ್ಯಾತ್ಮ ಸೇರುತ್ತದೆಂದು ನಂಬಿದ್ದರು. ಗಂಡಾದರೆ 40 ದಿನ, ಹೆಣ್ಣಾದರೆ 90 ದಿನ ಎಂಬುದು ಅವರಿಗೂ ಮೊದಲಿನ ಅರಿಸ್ಟಾಟಲನ ಲೆಕ್ಕ. ಹೆಣ್ಣುಕೂಸಿಗೆ ಜೀವ ತಡವಾಗಿ ಬರುತ್ತದೆಂದು ಅಷ್ಟು ದೊಡ್ಡ ತಲೆಗಳೂ ಒಪ್ಪಿಕೊಂಡಿದ್ದವು ಎನ್ನುವುದು ನೋವಿನ ಸಂಗತಿ.

1588ರಲ್ಲಿ ಪೋಪ್ 5ನೇ ಸಿಕ್ಸ್‌ಟಸ್ ಈ ವಿಂಗಡಣೆಯನ್ನು ತೆಗೆದುಹಾಕಿ, ಯಾವ ಹಂತದ ಗರ್ಭಪಾತಕ್ಕೂ ಬಹಿಷ್ಕಾರ (ಸಭೆಯ ಸಂಸ್ಕಾರಗಳಿಂದ ಹೊರಗಿಡುವ ಶಿಕ್ಷೆ) ವಿಧಿಸಿದರು. ಅದು ನಡೆಯಲಿಲ್ಲ. ಮೂರೇ ವರ್ಷದಲ್ಲಿ, 1591ರಲ್ಲಿ, 14ನೇ ಗ್ರೆಗರಿ ಆ ಶಿಕ್ಷೆಯನ್ನು ಜೀವ ಬಂದ ಗರ್ಭಕ್ಕೆ ಸೀಮಿತಗೊಳಿಸಿದರು. 1869ರಲ್ಲಿ 9ನೇ ಪಿಯುಸ್ ಭೇದವನ್ನು ಮತ್ತೆ ಅಳಿಸಿದರು. ಆಗ ಮೈಸೂರು ಮಿಷನ್ ಪ್ಯಾರಿಸ್‌ನ ವಿದೇಶಿ ಮಿಷನ್ ಸಂಸ್ಥೆಯ ಪಾದ್ರಿಗಳ ಕೈಯಲ್ಲಿತ್ತು. 1886ರಲ್ಲಿ ಮೈಸೂರು ಧರ್ಮಪ್ರಾಂತ್ಯವಾಗುವ ಹೊತ್ತಿಗೆ ಕಥೋಲಿಕರಿಗೆ ಚಾಲ್ತಿಯಲ್ಲಿದ್ದದ್ದು ಈ ಬಿಗಿ ನಿಯಮವೇ.

ಧರ್ಮಸಭೆ ಬಿಟ್ಟ ಹಳೆಯ ಗೆರೆ ನಮ್ಮ ಕಾನೂನಿನಲ್ಲಿ ಉಳಿದುಕೊಂಡಿತು. ಇಂಗ್ಲಿಷರು 1860ರಲ್ಲಿ ತಂದ ದಂಡಸಂಹಿತೆಯ 312ನೇ ಕಲಂ ಪ್ರಕಾರ ಗರ್ಭಪಾತಕ್ಕೆ 3 ವರ್ಷದವರೆಗೆ ಸೆರೆ, ಕೂಸು ಮಿಸುಕಿದ ಮೇಲಾದರೆ 7 ವರ್ಷದವರೆಗೆ. ತಾಯಿಯ ಪ್ರಾಣ ಉಳಿಸಲು ಮಾಡಿದ್ದಕ್ಕೆ ಮಾತ್ರ ವಿನಾಯಿತಿ. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಿನಲ್ಲೂ ಅದೇ ಮಾತು, ಅದೇ ಶಿಕ್ಷೆ.

1930 ಈ ಕಥೆಯಲ್ಲಿ ದೊಡ್ಡ ವರ್ಷ. ಮೈಸೂರು ಸಂಸ್ಥಾನ ಆ ವರ್ಷ ಬೆಂಗಳೂರು, ಮೈಸೂರುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿತು. ಸರ್ಕಾರವೊಂದು ಇಂಥ ಕ್ಲಿನಿಕ್ ತೆರೆದದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ಅದೇ ವರ್ಷದ ಆಗಸ್ಟಿನಲ್ಲಿ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಸೇರಿದ ಆಂಗ್ಲಿಕನ್ (ಇಂಗ್ಲೆಂಡ್ ಮೂಲದ ಸಭೆಯ) ಬಿಷಪ್ಪರು ಕೆಲವು ಸಂದರ್ಭಗಳಲ್ಲಿ ದಂಪತಿ ಗರ್ಭನಿರೋಧಕ ಬಳಸಬಹುದೆಂದು ಒಪ್ಪಿದರು. ಗರ್ಭಪಾತವನ್ನು ಮಾತ್ರ ಖಂಡಿಸಿದರು. ಡಿಸೆಂಬರ್ 31ರಂದು ಪೋಪ್ 11ನೇ ಪಿಯುಸ್ ಎರಡನ್ನೂ ತಿರಸ್ಕರಿಸಿ ವಿಶ್ವಪತ್ರ, ಅಂದರೆ ಇಡೀ ಸಭೆಗೆ ಬರೆದ ಬೋಧನೆಯ ಪತ್ರ, ಹೊರಡಿಸಿದರು. ಆ ಹೊತ್ತಿಗೆ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಮೆಥಡಿಸ್ಟ್ ಪಂಗಡದ ವೆಸ್ಲಿಯನ್ ಮಿಷನ್ನಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, ಶುರುವಾಗಿ 24 ವರ್ಷವಾಗಿತ್ತು. 1947ರಲ್ಲಿ ದಕ್ಷಿಣದ ಮೆಥಡಿಸ್ಟರೂ ಆಂಗ್ಲಿಕನ್ನರೂ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಒಂದಾದರು. ಒಂದೇ ಊರಿನ ಕಥೋಲಿಕ ಮನೆಗೂ ಸಿ.ಎಸ್.ಐ. ಮನೆಗೂ ಈ ವಿಷಯದಲ್ಲಿ ಇರುವ ಅಂತರದ ಬೇರು ಇಲ್ಲಿದೆ.

1971ರ ಆಗಸ್ಟ್ 10ರಂದು, ಷರತ್ತುಗಳ ಮೇಲೆ ಗರ್ಭಪಾತಕ್ಕೆ ಅವಕಾಶ ಕೊಡುವ ವೈದ್ಯಕೀಯ ಗರ್ಭಪಾತ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿತ್ತು; ಜಾರಿಗೆ ಬಂದದ್ದು 1972ರ ಏಪ್ರಿಲ್ 1ರಿಂದ. ಕಥೋಲಿಕ ಸಭೆ ಇದನ್ನು ಒಪ್ಪಿದ್ದಿಲ್ಲ. ಅಚ್ಚರಿಯೆಂದರೆ ಅದೇ 1971ರಲ್ಲಿ ಅಮೆರಿಕದ ದೊಡ್ಡ ಪ್ರೊಟೆಸ್ಟೆಂಟ್ ಪಂಗಡವಾದ ದಕ್ಷಿಣ ಬ್ಯಾಪ್ಟಿಸ್ಟರು ಅತ್ಯಾಚಾರ, ಪಿಂಡದ ತೀವ್ರ ನ್ಯೂನತೆ, ತಾಯಿಯ ದೇಹ-ಮನಸ್ಸಿನ ಆರೋಗ್ಯದಂಥ ಕಾರಣಗಳಿಗೆ ಗರ್ಭಪಾತ ಕಾನೂನುಬದ್ಧವಾಗಲಿ ಎಂದು ನಿರ್ಣಯ ಮಾಡಿದ್ದರು. 1980ರಲ್ಲಿ ಅದೇ ಸಭೆ ಪೂರ್ತಿ ತಿರುಗಿತು. ಕ್ರೈಸ್ತನೆಂದರೆ ಗರ್ಭಪಾತ ವಿರೋಧಿ ಎಂಬ ರಾಜಕೀಯ ಗುರುತು ಅಲ್ಲಿ ಗಟ್ಟಿಯಾದದ್ದು ಆ ಹತ್ತು ವರ್ಷಗಳಲ್ಲಿ. ಆ ಗುರುತನ್ನು ಅಲ್ಲಿಂದ ತಂದು ಮೈಸೂರಿನ ಕ್ರೈಸ್ತರಿಗೆ ಅಂಟಿಸುವುದು ತಪ್ಪು. ಇಲ್ಲಿ ಅದು ಮತಪೆಟ್ಟಿಗೆಯವರೆಗೆ ಹೋದ ವಿಷಯವಲ್ಲ. ಪಾಪನಿವೇದನೆಯ ಪೀಠದಲ್ಲಿ, ಆಸ್ಪತ್ರೆಯ ಕೋಣೆಯಲ್ಲಿ ಎದುರಾಗುವಂಥದ್ದು.

ಆಸ್ಪತ್ರೆಯ ಮಾತಿಗೆ ಬಂದರೆ, 1971ರ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ನಿಯಮಗಳಲ್ಲಿ ಹೇಳಿದ ಕೆಲವು ವರ್ಗದ ಮಹಿಳೆಯರಿಗೆ ಮಾತ್ರ, ಇಬ್ಬರು ವೈದ್ಯರ ಒಪ್ಪಿಗೆಯ ಮೇಲೆ ಅವಕಾಶ. ವಯಸ್ಕಳಾದವಳ ಸಹಿಯೊಂದೇ ಬೇಕು, ಗಂಡನದು ಬೇಕಿಲ್ಲ. ಈ ವಾರಗಳ ಎಣಿಕೆ ಕೊನೆಯ ಮುಟ್ಟಿನ ಮೊದಲ ದಿನದಿಂದ. ಧರ್ಮಸಭೆ ಎಣಿಸುವುದು ಗರ್ಭಧಾರಣೆಯಿಂದ. ಇಬ್ಬರ ಲೆಕ್ಕಕ್ಕೂ ಸುಮಾರು ಎರಡು ವಾರದ ವ್ಯತ್ಯಾಸ ಇರುವುದರಿಂದ ಚರ್ಚೆಯಲ್ಲಿ ಎಷ್ಟೋ ಸಲ ಲೆಕ್ಕ ತಪ್ಪುತ್ತದೆ. ಖಾಸಗಿ ಆಸ್ಪತ್ರೆ ಗರ್ಭಪಾತ ಮಾಡಲು ಸರ್ಕಾರದ ಅನುಮೋದನೆ ಪಡೆದಿರಬೇಕು. ನಂಬಿಕೆಗೆ ಒಪ್ಪದ ಆಸ್ಪತ್ರೆಗೆ ಆ ಅನುಮೋದನೆ ಕೇಳದಿರಲು ಅವಕಾಶವಿದೆ.

ಗರ್ಭಕೋಶ ಸೇರದೆ ಗರ್ಭನಾಳದಲ್ಲೇ ಪಿಂಡ ನಿಂತಾಗ ಮಾತ್ರ ಎಲ್ಲರೂ ಎಚ್ಚರವಾಗಿರಬೇಕು. ಆ ಪಿಂಡ ಉಳಿಯುವುದಿಲ್ಲ. ನಾಳ ಒಡೆದರೆ ಒಳಗೇ ರಕ್ತ ಸುರಿದು ತಾಯಿಯ ಪ್ರಾಣಕ್ಕೆ ಕುತ್ತು. ಕೆಟ್ಟ ನಾಳವನ್ನು ತೆಗೆಯುವುದನ್ನು ಕಥೋಲಿಕ ನೀತಿಶಾಸ್ತ್ರ ಗರ್ಭಪಾತವೆಂದು ಎಣಿಸುವುದಿಲ್ಲ, ಚಿಕಿತ್ಸೆ ಎನ್ನುತ್ತದೆ. ಪಿಂಡದ ಬೆಳವಣಿಗೆ ನಿಲ್ಲಿಸುವ ಮೆಥೋಟ್ರೆಕ್ಸೇಟ್ ಇಂಜೆಕ್ಷನ್ ಬಗ್ಗೆ ಅವರಲ್ಲೇ ಭಿನ್ನಾಭಿಪ್ರಾಯವಿದೆ. ಮೆಡಿಕಲ್ ಸ್ಟೋರಿನಿಂದ ಗುಟ್ಟಾಗಿ ತಂದು ನುಂಗುವ ಗರ್ಭಪಾತದ ಮಾತ್ರೆ ಇಂಥ ಗರ್ಭಕ್ಕೆ ಕೆಲಸವೇ ಮಾಡುವುದಿಲ್ಲ. ಆಮೇಲೆ ಬರುವ ಹೊಟ್ಟೆನೋವನ್ನು ಮಾತ್ರೆಯದೆಂದುಕೊಂಡು ಸುಮ್ಮನಿದ್ದರೆ ಹೊತ್ತು ಮೀರುತ್ತದೆ.

ಮಂಡ್ಯದ ಸಂಕಟ ಇನ್ನೊಂದು ಬಗೆಯದು. 2023ರಲ್ಲಿ ಆಲೆಮನೆಯೊಂದರಲ್ಲೇ ಸ್ಕ್ಯಾನಿಂಗ್ ನಡೆಸಿ ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಲಿಂಗಪತ್ತೆಯನ್ನು ತಡೆಯುವುದು 1994ರ ಬೇರೆಯೇ ಕಾಯ್ದೆ. ಗರ್ಭಪಾತವೆಲ್ಲ ಅಪರಾಧವೆಂದು ಅದು ಹೇಳುವುದಿಲ್ಲ. ಎರಡನ್ನೂ ಕಲಸಿ ಭಯ ಹುಟ್ಟಿಸಿದರೆ ಕಷ್ಟಕ್ಕೆ ಸಿಲುಕುವವಳು ಕಾನೂನಿನ ಒಳಗೇ ಇರುವ ಹೆಂಗಸು.

ಗರ್ಭಪಾತ ಮಾಡಿಸಿಕೊಂಡವರಿಗೆ ಸಿ.ಎಸ್.ಐ. ಸಭೆಯಲ್ಲಿ, ಯಾರೂ ತೀರ್ಪು ಕೊಡದೆ ತಾನಾಗಿ ಬೀಳುವ ಬಹಿಷ್ಕಾರವಿಲ್ಲ; ಸಭಾಪಾಲಕರ ಬುದ್ಧಿಮಾತು, ಪ್ರಾರ್ಥನೆ ಇರುತ್ತದೆ. ಕಥೋಲಿಕ ಧರ್ಮಶಾಸನದಲ್ಲಿ ಅದು ಇದೆ: ಹಿಂದೆ 1398ನೇ ಕಲಂ, 2021ರಿಂದ 1397. ಆದರೆ ಅದರ ಷರತ್ತುಗಳು ಎಷ್ಟೋ ವಿಶ್ವಾಸಿಗಳಿಗೆ ಗೊತ್ತಿಲ್ಲ. ತಾನಾಗಿ ಗರ್ಭ ಜಾರಿದರೆ ಅದು ಪಾಪವೂ ಅಲ್ಲ, ಅಪರಾಧವೂ ಅಲ್ಲ. 16 ವರ್ಷ ತುಂಬದ ಹುಡುಗಿಗೆ ಶಿಕ್ಷೆ ಇಲ್ಲ. ಇಂಥ ಶಿಕ್ಷೆ ಇದೆಯೆಂದು ತನ್ನ ತಪ್ಪಿಲ್ಲದೆ ತಿಳಿಯದವಳಿಗೆ, ಘೋರ ಭಯಕ್ಕೆ ಸಿಲುಕಿ ಒಪ್ಪಿದವಳಿಗೆ ಬಹಿಷ್ಕಾರ ತಾನಾಗಿ ತಗಲುವುದಿಲ್ಲ. 2016ರಲ್ಲಿ ಪೋಪ್ ಫ್ರಾನ್ಸಿಸ್ ಈ ಪಾಪಕ್ಕೆ ಕ್ಷಮೆ ಕೊಡುವ ಅಧಿಕಾರವನ್ನು ಎಲ್ಲ ಗುರುಗಳಿಗೂ ವಿಸ್ತರಿಸಿದ್ದರಿಂದ ಅವಳು ತನ್ನ ಊರಿನ ಫಾದರ್ ಬಳಿಯೇ ಪಾಪನಿವೇದನೆ ಮಾಡಬಹುದು, ಬಿಷಪ್ಪರವರೆಗೆ ಹೋಗಬೇಕಿಲ್ಲ. ಇನ್ನೊಂದು ಕಲಂ 1329. ಯಾರ ನೆರವಿಲ್ಲದೆ ಗರ್ಭಪಾತ ನಡೆಯುತ್ತಲೇ ಇರಲಿಲ್ಲವೋ ಅವರಿಗೂ ಅದೇ ಬಹಿಷ್ಕಾರ ತಗಲುತ್ತದೆ. ಮೂರನೆಯದೂ ಹೆಣ್ಣೆಂದು ಹೆದರಿಸಿ ಸೊಸೆಯನ್ನು ಎಳೆದೊಯ್ದ ಮನೆಯಲ್ಲಿ ಅವಳು ಶಿಕ್ಷೆಯ ಹೊರಗಿದ್ದು, ದುಡ್ಡು ಹೊಂದಿಸಿದ ಗಂಡನೂ ಜೊತೆಗೆ ಹೋದ ಅತ್ತೆಯೂ ಒಳಗಿರಬಹುದು.