ಟ್ರಸ್ಟ್ ಲೆಕ್ಕ ಅಣ್ಣನ ಹತ್ತಿರ ಇದೆ, ತೋರಿಸುತ್ತಿಲ್ಲ. ನೋಡುವ ಹಕ್ಕು ನನಗಿದೆಯಾ?

ಪ್ರಶ್ನೆ: ಅಪ್ಪ ತೀರಿಕೊಳ್ಳುವ ಮುಂಚೆ ಮನೆ, ಎರಡು ಅಂಗಡಿ ಮಳಿಗೆ, ಬ್ಯಾಂಕ್ ಠೇವಣಿ ಎಲ್ಲವನ್ನೂ ಒಂದು ಕುಟುಂಬ ಟ್ರಸ್ಟಿಗೆ ಹಾಕಿದರು. ಅಣ್ಣ ಟ್ರಸ್ಟಿ, ಅಂದರೆ ನಮ್ಮೆಲ್ಲರ ಪರವಾಗಿ ಆಸ್ತಿ ನೋಡಿಕೊಳ್ಳುವವನು. ಅಣ್ಣ, ನಾನು, ತಂಗಿ ಮೂವರೂ ಫಲಾನುಭವಿಗಳು. ಅಣ್ಣ ಆಗಾಗ ಒಂದಿಷ್ಟು ದುಡ್ಡು ಕಳಿಸುತ್ತಾನೆ. ಆದರೆ ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ಹೇಳುವುದಿಲ್ಲ. ಟ್ರಸ್ಟ್ ಡೀಡನ್ನೂ (ಟ್ರಸ್ಟ್ ಮಾಡಿದ ಪತ್ರ) ನಾವಿಬ್ಬರು ನೋಡಿಲ್ಲ. ಕೇಳಿದರೆ ‘ನನ್ನ ಮೇಲೆ ನಂಬಿಕೆ ಇಲ್ವಾ’ ಅಂತಾನೆ. ನಾವು ಕೇಳಬಹುದಾ?

ಕೇಳಬಹುದು. ಅಷ್ಟೇ ಅಲ್ಲ, ನೀವು ಕೇಳಿದರೆ ಅವರು ತೋರಿಸಲೇಬೇಕು. ಇದು ಅಣ್ಣನ ದೊಡ್ಡ ಮನಸ್ಸಿಗೆ ಬಿಟ್ಟ ವಿಷಯವಲ್ಲ, 1882ರ ಭಾರತೀಯ ಟ್ರಸ್ಟ್ ಕಾಯ್ದೆಯಲ್ಲಿ ನೇರವಾಗಿ ಬರೆದಿಟ್ಟಿರುವ ಹಕ್ಕು. ಅಣ್ಣ ಮೋಸ ಮಾಡಿದ್ದಾರೆ ಅಂತ ಮೊದಲು ತೋರಿಸಬೇಕಾಗಿಯೂ ಇಲ್ಲ. ಈ ಕೊನೆಯ ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ‘ಅನುಮಾನ ಇದ್ದರೆ ತಾನೇ ಲೆಕ್ಕ ಕೇಳೋದು’ ಎಂದುಕೊಂಡೇ ಎಷ್ಟೋ ಜನ, ಅದರಲ್ಲೂ ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು, ವರ್ಷಗಟ್ಟಲೆ ಸುಮ್ನೆ ಇದ್ದುಬಿಡುತ್ತಾರೆ. ಅಣ್ಣ ನೂರಕ್ಕೆ ನೂರು ಪ್ರಾಮಾಣಿಕರಾಗಿದ್ದರೂ ಲೆಕ್ಕ ತೋರಿಸುವ ಕರ್ತವ್ಯ ಅವರಿಗೆ ಇದ್ದೇ ಇರುತ್ತದೆ.

ಎರಡು ಸೆಕ್ಷನ್‌ಗಳನ್ನು ನೆನಪಿಟ್ಟುಕೊಂಡರೆ ಸಾಕು. 19ನೇ ಸೆಕ್ಷನ್ ಟ್ರಸ್ಟಿಗೆ ಹೇಳುವ ಮಾತು: ಟ್ರಸ್ಟ್ ಆಸ್ತಿಯ ಸ್ಪಷ್ಟವಾದ, ಸರಿಯಾದ ಲೆಕ್ಕ ಇಡಬೇಕು, ಮತ್ತು ಫಲಾನುಭವಿ ಸಮಂಜಸವಾದ ಹೊತ್ತಿನಲ್ಲಿ ಯಾವಾಗ ಕೇಳಿದರೂ ಆಸ್ತಿ ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ ಎಂಬ ಪೂರ್ತಿ ಮಾಹಿತಿ ಕೊಡಬೇಕು. 57ನೇ ಸೆಕ್ಷನ್ ನಿಮಗೆ ಕೊಡುವ ಹಕ್ಕು: ಟ್ರಸ್ಟ್ ಡೀಡ್, ಟ್ರಸ್ಟ್ ಆಸ್ತಿಗಷ್ಟೇ ಸಂಬಂಧಿಸಿದ ಹಕ್ಕುಪತ್ರಗಳು, ಲೆಕ್ಕಪತ್ರ, ಆ ಲೆಕ್ಕಕ್ಕೆ ಆಧಾರವಾದ ರಸೀದಿ ಮತ್ತು ವೋಚರ್‌ಗಳು, ಇವನ್ನೆಲ್ಲ ಕಣ್ಣಾರೆ ನೋಡಬಹುದು, ನಕಲನ್ನೂ ತೆಗೆದುಕೊಳ್ಳಬಹುದು. ಟ್ರಸ್ಟ್ ನಡೆಸಲು ದಾರಿ ಗೊತ್ತಾಗದೆ ಟ್ರಸ್ಟಿ ವಕೀಲರ ಅಭಿಪ್ರಾಯ ಪಡೆದಿದ್ದರೆ ಅದೂ ಈ ಪಟ್ಟಿಯಲ್ಲಿದೆ. ಇದು ಬಹಳ ಜನರಿಗೆ ಗೊತ್ತೇ ಇಲ್ಲ. ಮಳಿಗೆಯನ್ನು ಮಾರಬಹುದೇ ಅಂತ ಅಣ್ಣ ಟ್ರಸ್ಟಿನ ಪರವಾಗಿ ವಕೀಲರನ್ನು ಕೇಳಿದ್ದರೆ ಆ ಉತ್ತರ ನಿಮಗೂ ಸೇರಿದ್ದು. ಆದರೆ ನಿಮ್ಮ ನೋಟಿಸ್ ಬಂದ ಮೇಲೆ ತಮ್ಮನ್ನು ಕಾಪಾಡಿಕೊಳ್ಳಲು ಅವರು ತಮ್ಮ ಸ್ವಂತ ವಕೀಲರ ಜೊತೆ ಆಡಿದ ಮಾತು ಅವರದ್ದು, ಅದನ್ನು ಕೇಳಲಾಗುವುದಿಲ್ಲ. ಅವರ ಸ್ವಂತ ಬ್ಯಾಂಕ್ ಖಾತೆಗೂ ಇದೇ ಮಾತು, ಟ್ರಸ್ಟ್ ಹಣ ಅದರೊಳಗೆ ಹೋಗಿ ಸೇರಿಲ್ಲದಿದ್ದರೆ.

ಇಷ್ಟು ಓದಿ ನೇರವಾಗಿ ಜಗಳಕ್ಕೆ ಹೋಗಬೇಡಿ. ಮೊದಲು ಇದು ನಿಜವಾಗಿಯೂ ಟ್ರಸ್ಟ್ ಹೌದಾ ಅಂತ ಖಚಿತ ಮಾಡಿಕೊಳ್ಳಿ. ನಮ್ಮ ಕಡೆ ‘ಟ್ರಸ್ಟ್’ ಅಂತ ಬಾಯಿಮಾತಲ್ಲಿ ಕರೆಯುವುದು ಕಾಗದದಲ್ಲಿ ಬೇರೆಯೇ ಆಗಿರುವುದು ಜಾಸ್ತಿ. ಆಸ್ತಿ ಇನ್ನೂ ಭಾಗವಾಗದ ಹಿಂದೂ ಅವಿಭಕ್ತ ಕುಟುಂಬದ್ದಾಗಿ, ಅಣ್ಣ ಬರೀ ಕರ್ತ (ಕುಟುಂಬದ ಯಜಮಾನ) ಆಗಿ ನೋಡಿಕೊಳ್ಳುತ್ತಿದ್ದರೆ ಟ್ರಸ್ಟ್ ಕಾಯ್ದೆ ಅನ್ವಯಿಸುವುದಿಲ್ಲ. ಅಲ್ಲಿ ನಿಯಮವೇ ಬೇರೆ. ಮೋಸ ಅಥವಾ ದುರುಪಯೋಗದ ಆಧಾರ ಇಲ್ಲದೆ ಕರ್ತನಿಂದ ಹಿಂದಿನ ವರ್ಷಗಳ ಒಂದೊಂದು ಪೈಸೆಯ ಲೆಕ್ಕ ತೆಗೆಸುವುದು ಕಷ್ಟ, ಸಾಮಾನ್ಯವಾಗಿ ಪಾಲು ಕೇಳಿ ದಾವೆ ಹಾಕುವುದೇ ದಾರಿ. ಇನ್ನು ತಾತ ಕಟ್ಟಿಸಿದ ಛತ್ರವೋ ಊರಿನ ಮಕ್ಕಳ ವಿದ್ಯಾರ್ಥಿವೇತನವೋ ಇರುವ ಸಾರ್ವಜನಿಕ ಧರ್ಮಾರ್ಥ ಟ್ರಸ್ಟ್ ಆದರೆ, ಅದನ್ನು ನಿಮ್ಮ ಮನೆಯವರೇ ನಡೆಸುತ್ತಿದ್ದರೂ ದಾರಿ ಮತ್ತೊಂದು: ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್, ಆಸಕ್ತಿ ಇರುವ ಕನಿಷ್ಠ ಇಬ್ಬರು, ಮತ್ತು ಕೋರ್ಟಿನ ಅನುಮತಿ. ನೀವು ಬರೆದಿರುವಂತೆ ಮೂವರು ಮಕ್ಕಳಿಗಾಗಿಯೇ ಮಾಡಿದ್ದರೆ ಅದು ಖಾಸಗಿ ಟ್ರಸ್ಟ್. ನಾನು ಇಲ್ಲಿ ಹೇಳುತ್ತಿರುವುದೆಲ್ಲ ಅದಕ್ಕೇ.

ಡೀಡನ್ನೇ ನೋಡಿಲ್ಲ ಅಂದಿರಿ. ಹಾಗಾದರೆ ಅಲ್ಲಿಂದಲೇ ಶುರುಮಾಡಿ, ಅದಕ್ಕೆ ಅಣ್ಣನನ್ನು ಕೇಳಬೇಕಾಗಿಯೂ ಇಲ್ಲದಿರಬಹುದು. ಬದುಕಿರುವಾಗಲೇ ಸ್ಥಿರಾಸ್ತಿಯನ್ನು ಟ್ರಸ್ಟಿಗೆ ಹಾಕಬೇಕಾದರೆ ಬರವಣಿಗೆಯಲ್ಲಿ ಮಾಡಿ, ಸಹಿ ಹಾಕಿ, ನೋಂದಾಯಿಸಲೇಬೇಕು. ಅಂದರೆ ಅಣ್ಣನ ಬೀರುವಿನಲ್ಲಿರುವ ಪ್ರತಿಯ ಜೊತೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ಅದರ ದಾಖಲೆ ಇದೆ. ಸ್ಥಿರಾಸ್ತಿಯ ದಸ್ತಾವೇಜುಗಳು ಸೇರುವ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲು ಪಡೆಯಬಹುದು. ಕರ್ನಾಟಕದಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದ ಮೂಲಕ ಆನ್‌ಲೈನ್‌ನಲ್ಲೂ ಅರ್ಜಿ ಹಾಕಬಹುದು. ಜೊತೆಗೆ ಮನೆ ಮತ್ತು ಮಳಿಗೆಗಳ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಯಾವುದಾದರೂ ಅಡಮಾನಕ್ಕೆ ಹೋಗಿದೆಯಾ, ನೋಂದಾಯಿತ ಬಾಡಿಗೆ ಕರಾರು ಇದೆಯಾ, ಮಾರಾಟವೇ ಆಗಿಹೋಗಿದೆಯಾ ಅಂತ ಅದರಲ್ಲಿ ಗೊತ್ತಾಗುತ್ತದೆ. ಅಪ್ಪ ಉಯಿಲಿನ ಮೂಲಕ ಟ್ರಸ್ಟ್ ಮಾಡಿದ್ದರೆ ಮಾತ್ರ ಸ್ವಲ್ಪ ತೊಡಕು, ಯಾಕೆಂದರೆ ಉಯಿಲನ್ನು ನೋಂದಾಯಿಸಲೇಬೇಕು ಅಂತ ಕಾನೂನಿಲ್ಲ. ನೋಂದಣಿಯಾಗಿದ್ದರೆ, ಬರೆದವರು ತೀರಿಕೊಂಡ ಮೇಲೆ ಅದರ ನಕಲೂ ಸಿಗುತ್ತದೆ.

ಬ್ಯಾಂಕಿಗೆ ಹೋಗಿ ಕೇಳಿದರೆ ಕೊಡುತ್ತಾರಾ? ಕೊಡುವುದಿಲ್ಲ. ಬ್ಯಾಂಕಿಗೆ ಗ್ರಾಹಕ ಟ್ರಸ್ಟಿ, ನೀವಲ್ಲ. ಆರ್‌ಟಿಐ ಹಾಕಬಹುದಾ ಅಂತಲೂ ತುಂಬ ಜನ ಕೇಳುತ್ತಾರೆ. ಖಾಸಗಿ ಕುಟುಂಬ ಟ್ರಸ್ಟ್ ಸಾರ್ವಜನಿಕ ಪ್ರಾಧಿಕಾರವಲ್ಲ, ಹಾಗಾಗಿ ಅದೂ ಆಗುವುದಿಲ್ಲ.

ಇನ್ನು ಅಣ್ಣನನ್ನು ಕೇಳುವ ವಿಷಯ. ಫೋನಿನಲ್ಲಿ, ಹಬ್ಬದ ಊಟದ ನಡುವೆ ಕೇಳಬೇಡಿ. ಅಲ್ಲಿ ಮಾತು ಎಲ್ಲಿಂದ ಎಲ್ಲಿಗೋ ಹೋಗಿ ಅಮ್ಮ ಅಳುವುದರಲ್ಲಿ ಮುಗಿಯುತ್ತದೆ, ಕೇಳಿದ್ದಕ್ಕೆ ಪುರಾವೆಯೂ ಉಳಿಯುವುದಿಲ್ಲ. ಕಾಗದದಲ್ಲಿ ಬರೆಯಿರಿ, ಇಮೇಲ್ ಕಳಿಸಿ, ಅದನ್ನೇ ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಅಂಚೆಯಲ್ಲೂ ಹಾಕಿ. ಒಡಹುಟ್ಟಿದವರ ಧಾಟಿಯಲ್ಲೇ ಬರೆಯಬಹುದು, ಆದರೆ ಏನು ಬೇಕು ಅನ್ನುವುದು ಖಚಿತವಾಗಿರಲಿ. ಹೀಗೆ:

‘ಅಣ್ಣಾ, ಅಪ್ಪ ಮಾಡಿದ ಟ್ರಸ್ಟಿನ ಫಲಾನುಭವಿಯಾಗಿ ಈ ದಾಖಲೆಗಳನ್ನು ನೋಡಿ ನಕಲು ತೆಗೆದುಕೊಳ್ಳಲು ಬಯಸುತ್ತೇನೆ: ಟ್ರಸ್ಟ್ ಡೀಡ್ ಮತ್ತು ಅದರ ತಿದ್ದುಪಡಿಗಳು, ಆಸ್ತಿಯ ಹಕ್ಕುಪತ್ರಗಳು, ಶುರುವಿನಿಂದ ಈವರೆಗಿನ ವರ್ಷವಾರು ಲೆಕ್ಕ, ಟ್ರಸ್ಟ್ ಖಾತೆಯ ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಕರಾರುಗಳು, ಖರ್ಚಿನ ರಸೀದಿಗಳು, ಆದಾಯ ತೆರಿಗೆ ರಿಟರ್ನ್. ಟ್ರಸ್ಟ್ ಕಾಯ್ದೆಯ 19 ಮತ್ತು 57ನೇ ಸೆಕ್ಷನ್ ಪ್ರಕಾರ ಇದನ್ನು ಕೇಳುತ್ತಿದ್ದೇನೆ. ನಕಲಿನ ಖರ್ಚು ನನ್ನದು. 30 ದಿನದೊಳಗೆ ನಿನಗೆ ಅನುಕೂಲವಾದ ದಿನ ಮತ್ತು ಜಾಗ ತಿಳಿಸು.’

30 ದಿನ ಅನ್ನುವುದು ಕಾಯ್ದೆಯಲ್ಲಿರುವ ಗಡುವಲ್ಲ, ನಾನು ಹೇಳುತ್ತಿರುವ ಸಮಂಜಸ ಅವಧಿ. ನಕಲಿನ ಖರ್ಚು ನನ್ನದು ಅಂತ ಬರೆದರೆ ಒಂದು ನೆಪ ಅಲ್ಲಿಗೇ ತೀರುತ್ತದೆ. ತಂಗಿಯೂ ಸಹಿ ಹಾಕಿದರೆ ಒಳ್ಳೆಯದು, ಹಾಕದಿದ್ದರೂ ನಿಮ್ಮ ಹಕ್ಕಿಗೆ ಕುಂದಿಲ್ಲ.

ಬರುವ ಉತ್ತರಗಳು ಹೆಚ್ಚುಕಮ್ಮಿ ಎಲ್ಲ ಮನೆಯಲ್ಲೂ ಒಂದೇ ತರಹ. ‘ಕಾಗದವೆಲ್ಲ ಆಡಿಟರ್ ಹತ್ರ ಇದೆ’ ಅನ್ನುತ್ತಾರೆ. ಆಡಿಟರ್ ಇಟ್ಟುಕೊಂಡಿರುವುದು ಟ್ರಸ್ಟಿಯ ಪರವಾಗಿ, ತರಿಸಿ ತೋರಿಸುವುದು ಟ್ರಸ್ಟಿಯ ಕೆಲಸ. ‘ನೀನು ಮದುವೆಯಾಗಿ ಹೋದವಳು’ ಅನ್ನುವ ಮಾತು ಬಂದರೆ, ಡೀಡಿನಲ್ಲಿ ಯಾರ ಹೆಸರಿದೆಯೋ ಅವರೇ ಫಲಾನುಭವಿ, ಮದುವೆಯಿಂದ ಹೆಸರು ಅಳಿಸಿಹೋಗುವುದಿಲ್ಲ. ‘ಇಷ್ಟು ವರ್ಷ ನಾನೊಬ್ಬನೇ ಓಡಾಡಿದ್ದೇನೆ’ ಅನ್ನುವುದು ನಿಜವೇ ಇರಬಹುದು, ಅದಕ್ಕೆ ಮನಸಾರೆ ಥ್ಯಾಂಕ್ಸ್ ಹೇಳಿ. ಟ್ರಸ್ಟ್‌ಗಾಗಿ ಮಾಡಿದ ನ್ಯಾಯವಾದ ಖರ್ಚನ್ನು ಅವರು ಟ್ರಸ್ಟಿನಿಂದ ಪಡೆಯಬಹುದು. ಆದರೆ ಡೀಡಿನಲ್ಲಿ ಹೇಳಿರದಿದ್ದರೆ, ನೀವೆಲ್ಲ ಒಪ್ಪಿ ಕರಾರು ಮಾಡಿಕೊಂಡಿರದಿದ್ದರೆ, ಕೋರ್ಟೂ ಹೇಳಿರದಿದ್ದರೆ ಸಂಬಳ ತೆಗೆದುಕೊಳ್ಳುವಂತಿಲ್ಲ, ಅದು 50ನೇ ಸೆಕ್ಷನ್. ಎಲ್ಲಕ್ಕಿಂತ ದುರ್ಬಲವಾದ ಉತ್ತರ ‘ಲೆಕ್ಕವನ್ನೇ ಇಟ್ಟಿಲ್ಲ’ ಅನ್ನುವುದು. ಲೆಕ್ಕ ಇಡುವುದೇ ಅವರ ಕರ್ತವ್ಯ, ಇಟ್ಟಿಲ್ಲ ಎಂದರೆ ಕೋರ್ಟ್ ಅದನ್ನು ಅವರ ವಿರುದ್ಧವೇ ಓದುತ್ತದೆ.

ಗಡುವು ದಾಟಿದರೂ ಏನೂ ಬರದಿದ್ದರೆ ವಕೀಲರಿಂದ ನೋಟಿಸ್ ಕಳಿಸಿ, ಅದರಲ್ಲೇ ಮಧ್ಯಸ್ಥಿಕೆಗೆ ಒಪ್ಪಿಗೆ ಇದೆ ಅಂತ ಬರೆಸಿ. ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಲೆಕ್ಕ ತೋರಿಸುವ ವಿಷಯವಾಗಿ ಒಡಹುಟ್ಟಿದವರು ಹತ್ತು ವರ್ಷ ಕೋರ್ಟಿಗೆ ಅಲೆಯಬಾರದು. ಇಬ್ಬರೂ ನಂಬುವ ಒಬ್ಬ ಆಡಿಟರ್ ಎದುರು ಎರಡು ದಿನ ಕೂತರೆ ಮುಗಿಯುವ ಕೆಲಸ ಇದು. ಅದೂ ಆಗಲಿಲ್ಲ ಅಂದರೆ ಸಿವಿಲ್ ಕೋರ್ಟಿನಲ್ಲಿ ದಾವೆ. ಟ್ರಸ್ಟಿ ತನ್ನ ಕರ್ತವ್ಯ ಮಾಡುವಂತೆ ಬಲವಂತಪಡಿಸುವ ಹಕ್ಕು 61ನೇ ಸೆಕ್ಷನ್‌ನಲ್ಲಿದೆ. ದಾಖಲೆ ತೋರಿಸಲು, ಲೆಕ್ಕ ಒಪ್ಪಿಸಲು ಆದೇಶ ಕೇಳಬಹುದು. ಲೆಕ್ಕ ಪರಿಶೀಲಿಸಲು ಕೋರ್ಟ್ ಕಮಿಷನರ್ ನೇಮಿಸಬಹುದು, ಆಸ್ತಿ ಕೈಬಿಟ್ಟು ಹೋಗುವ ಭಯವಿದ್ದರೆ ತಡೆಯಾಜ್ಞೆ ಕೊಡಬಹುದು. ಬ್ಯಾಂಕ್ ನಿಮಗೆ ಕೊಡದ ಸ್ಟೇಟ್‌ಮೆಂಟನ್ನು ಕೋರ್ಟ್ ಸಮನ್ಸ್ ಮಾಡಿ ತರಿಸುತ್ತದೆ. ಡೀಡಿನಲ್ಲಿ ‘ತಕರಾರು ಬಂದರೆ ಆರ್ಬಿಟ್ರೇಷನ್’ (ಕೋರ್ಟಿನ ಬದಲು ಖಾಸಗಿ ತೀರ್ಪುಗಾರರಿಂದ ತೀರ್ಮಾನ) ಎಂಬ ಸಾಲಿದ್ದರೆ ಗಾಬರಿ ಬೇಡ. ಖಾಸಗಿ ಟ್ರಸ್ಟಿನ ಟ್ರಸ್ಟಿ, ಫಲಾನುಭವಿಗಳ ನಡುವಿನ ತಕರಾರನ್ನು ಟ್ರಸ್ಟ್ ಡೀಡಿನ ಅಂಥ ಸಾಲಿನ ಮೇಲೆ ಆರ್ಬಿಟ್ರೇಷನ್‌ಗೆ ಕಳಿಸಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ.

ಪೊಲೀಸ್ ದೂರು? ದಾಖಲೆ ತೋರಿಸದಿರುವುದೊಂದೇ ಅಪರಾಧವಲ್ಲ. ಟ್ರಸ್ಟ್ ಹಣವನ್ನು ಅಪ್ರಾಮಾಣಿಕವಾಗಿ ನುಂಗಿದ್ದಕ್ಕೆ ಆಧಾರ ಸಿಕ್ಕರೆ ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್ ಇದೆ. ಮೊದಲೇ ಠಾಣೆಗೆ ಹೋದರೆ ‘ಇದು ಸಿವಿಲ್ ವಿಷಯ’ ಅಂತ ವಾಪಸ್ ಕಳಿಸುತ್ತಾರೆ, ಮನೆಯಲ್ಲಿ ಇದ್ದ ಮಾತುಕತೆಯೂ ನಿಂತುಹೋಗುತ್ತದೆ.

ತುಂಬ ವರ್ಷ ಆಗಿಹೋಯಿತು ಅಂತ ಕೈಬಿಡಬೇಡಿ. ನಿರ್ದಿಷ್ಟ ಉದ್ದೇಶಕ್ಕಾಗಿ ಆಸ್ತಿ ವಹಿಸಿಕೊಂಡ ಟ್ರಸ್ಟಿಯಿಂದ ಆ ಆಸ್ತಿಯನ್ನು ಅಥವಾ ಅದರ ಲೆಕ್ಕವನ್ನು ಕೇಳುವ ದಾವೆಗೆ 1963ರ ಕಾಲಮಿತಿ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಅವಧಿಯ ಮಿತಿಯಿಲ್ಲ. ಹಾಗಂತ ಕಾಯುತ್ತಲೂ ಕೂರಬೇಡಿ. ಬ್ಯಾಂಕುಗಳು ವಹಿವಾಟಿನ ದಾಖಲೆಯನ್ನು ಕನಿಷ್ಠ 5 ವರ್ಷ ಇಡಬೇಕು ಅಂತ ನಿಯಮ, ಅದಕ್ಕಿಂತ ಹಳೆಯದು ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಆಸ್ತಿಯನ್ನು ಟ್ರಸ್ಟಿನ ವಿಷಯ ಗೊತ್ತಿಲ್ಲದೆ, ಸರಿಯಾದ ಬೆಲೆ ಕೊಟ್ಟು ಯಾರೋ ಕೊಂಡುಕೊಂಡಿದ್ದರೆ ಅದನ್ನು ಅವರಿಂದ ಹಿಂದಕ್ಕೆ ಪಡೆಯುವುದೂ ಆಗುವುದಿಲ್ಲ.

ಅಮೆರಿಕದಲ್ಲೋ ದುಬೈನಲ್ಲೋ ಇರುವವರು ಇದಕ್ಕಾಗಿಯೇ ಹಾರಿ ಬರಬೇಕಾಗಿಲ್ಲ. ದಾಖಲೆ ನೋಡಿ ನಕಲು ಪಡೆಯುವ ಅಧಿಕಾರವನ್ನಷ್ಟೇ ಬರೆದು ಇಲ್ಲಿರುವ ನಂಬಿಕಸ್ಥರಿಗೆ ಪವರ್ ಆಫ್ ಅಟಾರ್ನಿ ಕೊಡಬಹುದು. ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ ಕಳಿಸಿ. ಅದು ಕರ್ನಾಟಕಕ್ಕೆ ಬಂದ 3 ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು, ಇದನ್ನು ಮರೆಯುವವರೇ ಜಾಸ್ತಿ.

ಕಾಗದಗಳು ಕೈಗೆ ಬಂದಾಗ ಮೊದಲು ಡೀಡಿನಲ್ಲಿ ಒಂದು ವಿಷಯ ನೋಡಿ: ಪ್ರತಿಯೊಬ್ಬರ ಪಾಲು ಇಷ್ಟು ಅಂತ ಬರೆದಿದೆಯಾ, ಅಥವಾ ಯಾರಿಗೆ ಎಷ್ಟು ಕೊಡಬೇಕು ಅನ್ನುವುದನ್ನು ಟ್ರಸ್ಟಿಯ ವಿವೇಚನೆಗೆ ಬಿಟ್ಟಿದೆಯಾ. ವಿವೇಚನೆಗೆ ಬಿಟ್ಟಿದ್ದರೆ ನನಗೆ ಇಷ್ಟೇ ಬೇಕು ಅಂತ ಕೇಳಲಾಗುವುದಿಲ್ಲ, ಆದರೆ ಲೆಕ್ಕ ಕೇಳಬಹುದು. ಆಮೇಲೆ ಬಾಡಿಗೆ ಕರಾರಿನ ಮೊತ್ತವನ್ನೂ ಬ್ಯಾಂಕಿಗೆ ಜಮೆಯಾದ ಮೊತ್ತವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಳಿಗೆ ಅಣ್ಣನ ಸ್ವಂತ ವ್ಯಾಪಾರಕ್ಕೆ ಕಡಿಮೆ ಬಾಡಿಗೆಗೆ ಹೋಗಿದೆಯಾ, ಠೇವಣಿಯಿಂದ ಅವರಿಗೋ ಅವರ ಹೆಂಡತಿಗೋ ಸಾಲ ಹೋಗಿದೆಯಾ ನೋಡಿ, ಟ್ರಸ್ಟ್ ಆಸ್ತಿಯನ್ನು ಸ್ವಂತ ಲಾಭಕ್ಕೆ ಬಳಸುವುದನ್ನು 51ನೇ ಸೆಕ್ಷನ್ ತಡೆಯುತ್ತದೆ. ಯಾವ ದಿನ ಯಾವ ಯಾವ ದಾಖಲೆ ನೋಡಿದಿರಿ ಅಂತ ಒಂದು ಪಟ್ಟಿ ಬರೆದು ಇಬ್ಬರೂ ಸಹಿ ಹಾಕಿ. ಸಿಗದೆ ಉಳಿದ ಕಾಗದಗಳ ಹೆಸರನ್ನೂ ಅದೇ ಪಟ್ಟಿಯ ಕೆಳಗೆ ಬರೆಸಿಕೊಂಡು, ಯಾವ ತಾರೀಖಿನೊಳಗೆ ಕೊಡುತ್ತಾರೆ ಅಂತ ಅಲ್ಲೇ ಹಾಕಿಸಿಕೊಳ್ಳಿ.