ಲೆಗೊ ಲೋಕದಲ್ಲಿ ಬಾಣ ಹಾರಿದ ಕಥೆ

ಒಂದೊಂದೇ ಫೋಟೊ ಸೇರಿಸಿ ಚಲನೆ ತೋರಿಸುವ ಸ್ಟಾಪ್ ಮೋಷನ್‌ನಲ್ಲಿ ಗೊಂಬೆಯನ್ನು ನಡೆಸುವುದಕ್ಕಿಂತ ಕಲ್ಲನ್ನು ಹಾರಿಸುವುದು ಕಷ್ಟ. ಲೆಗೊ ಗೊಂಬೆಯ ಪಾದದಡಿಯ ತೂತು ಅಡಿಯ ತಟ್ಟೆಯ ಉಬ್ಬಿಗೆ ಕಚ್ಚಿಕೊಳ್ಳುತ್ತದೆ, ಅಲುಗಾಡದೆ ನಿಲ್ಲುತ್ತದೆ. ಬಿಟ್ಟ ಬಾಣಕ್ಕೆ ನೆಲವೇ ಇಲ್ಲ. ಒಂದು ಫೋಟೊ ತೆಗೆದು, ಚೂರು ಸರಿಸಿ, ಇನ್ನೊಂದು ತೆಗೆಯುವ ತನಕ ಅದು ಗಾಳಿಯಲ್ಲಿ ನಿಂತೇ ಇರಬೇಕು.

ಈ ತಲೆನೋವು ಈಗಿನ ಲೆಗೊ ಇಟ್ಟಿಗೆಗಿಂತ ಹಳೆಯದು. 1956ರ ‘ಅರ್ಥ್ ವರ್ಸಸ್ ದ ಫ್ಲೈಯಿಂಗ್ ಸಾಸರ್ಸ್’ ಚಿತ್ರದಲ್ಲಿ ಸ್ಟಾಪ್ ಮೋಷನ್ ಪರಿಣತ ರೇ ಹ್ಯಾರಿಹೌಸನ್ ಕಟ್ಟಡಗಳನ್ನು ಉರುಳಿಸಬೇಕಿತ್ತು. ಮಾದರಿಗಳನ್ನು ನಿಜವಾಗಿ ಒಡೆದು ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿಯುವಷ್ಟು ದುಡ್ಡಿರಲಿಲ್ಲ. ಹಾಗಾಗಿ ಉದುರುವ ಚೂರುಗಳನ್ನು ತೆಳು ತಂತಿಗೆ ಕಟ್ಟಿ, ಫ್ರೇಮ್ ಫ್ರೇಮಿಗೂ ಇಷ್ಟಿಷ್ಟೇ ಕೆಳಗಿಳಿಸಿದರು. ಆ ತಾಳ್ಮೆ ನೆನೆಸಿಕೊಂಡರೇ ಬೆವರು ಬರುತ್ತದೆ!

ಈಗಿನ ಮಾದರಿಯ ಲೆಗೊ ಇಟ್ಟಿಗೆ 1958ರದು. ಕೈಕಾಲು ಆಡಿಸುವ ಗೊಂಬೆ ಬಂದಿದ್ದು 1978ರಲ್ಲಿ. ಅದಕ್ಕೂ ಮೊದಲೇ, 1973ರಲ್ಲಿ, ಡೆನ್ಮಾರ್ಕಿನ ಇಬ್ಬರು ಹುಡುಗರು ಸೂಪರ್ 8 ಕ್ಯಾಮೆರಾದಲ್ಲಿ ಲೆಗೊ ಚಂದ್ರಯಾನವೊಂದನ್ನು ಚಿತ್ರಿಸಿದ್ದರು. ಆದರೆ ಫಿಲಂ ತೊಳೆಸಿ ನೋಡುವ ತನಕ ವಸ್ತುವನ್ನು ತೂಗುಹಾಕಿದ ದಾರ ಕಂಡಿದೆಯೋ ಇಲ್ಲವೋ ಗೊತ್ತಾಗದ ಕಾಲ ಅದು. 2000ದಲ್ಲಿ ಲೆಗೊ ಕಂಪನಿಯೇ ಸಿನಿಮಾ ನಿರ್ದೇಶಕ ಸ್ಪೀಲ್‌ಬರ್ಗ್ ಹೆಸರಿನಲ್ಲಿ ಯುಎಸ್‌ಬಿ ಕ್ಯಾಮೆರಾ ಇರುವ ಮೂವಿಮೇಕರ್ ಸೆಟ್ ಮಾರಿತು. ತೆಗೆದ ಫ್ರೇಮ್ ಆಗಲೇ ಕಂಪ್ಯೂಟರಿನಲ್ಲಿ. ಅಂದಮೇಲೆ ಅದನ್ನು ತಿದ್ದಲೂಬಹುದು, ಅಲ್ವಾ?

ತೂಗುಹಾಕುವ ಮೀನಿನ ಗಾಳದ ದಾರದ ಜಾಗಕ್ಕೆ ‘ಮಾಸ್ಕಿಂಗ್’ ಬಂದದ್ದು ಹೀಗೆ. ಮೊದಲು ಖಾಲಿ ಸೆಟ್ಟಿನ ಒಂದು ಫೋಟೊ. ಆಮೇಲೆ ಬಾಣವನ್ನು ಲೆಗೊ ಕಡ್ಡಿಯ ಮೇಲೋ, ಬ್ಲೂ ಟ್ಯಾಕ್ ಎಂಬ ಮೆತ್ತನೆಯ ಅಂಟು ಹಚ್ಚಿದ ತಂತಿಯ ಮೇಲೋ ನಿಲ್ಲಿಸಿ ಒಂದೊಂದೇ ಫ್ರೇಮ್. ಕೊನೆಗೆ ಜಿಂಪ್‌ನಂಥ ಫೋಟೊ ತಿದ್ದುವ ತಂತ್ರಾಂಶದಲ್ಲಿ ಖಾಲಿ ಫೋಟೊದ ಮೇಲೆ ಈ ಫ್ರೇಮ್ ಇಟ್ಟು ಕಡ್ಡಿಯನ್ನಷ್ಟೇ ಅಳಿಸಬೇಕು. ಅಳಿಸಿದ ಕಡೆ ಅಡಿಯ ಖಾಲಿ ಸೆಟ್ ಕಾಣುತ್ತದೆ. ಕೇಳಲು ಸುಲಭ. ಆದರೆ ಕಡ್ಡಿಯ ನೆರಳು ಹೋಗಬೇಕು, ಬಾಣದ ನೆರಳು ಉಳಿಯಬೇಕು. ಲೆಗೊ ಪ್ಲಾಸ್ಟಿಕ್ ಹೊಳೆಯುವುದರಿಂದ ಪಕ್ಕದ ಗೋಡೆಯಲ್ಲೂ ಕಡ್ಡಿಯ ಬಿಂಬ ಇರುತ್ತದೆ. ಮಧ್ಯೆ ಮೇಜು ಕೂದಲೆಳೆಯಷ್ಟು ಅಲುಗಿದರೂ ಅಳಿಸಿದ ಅಂಚು ಎದ್ದು ಕಾಣುತ್ತದೆ. ಕ್ಯಾಮೆರಾ ಆಟೋ ಮೋಡ್‌ನಲ್ಲಿದ್ದರಂತೂ ಬೆಳಕು ಮಿಣಮಿಣ ಅನ್ನುತ್ತದೆ.

ಇಷ್ಟೆಲ್ಲ ಮಾಡಿದರೂ ಬಾಣ ಹಾರಿದಂತೆ ಕಾಣುವುದಿಲ್ಲ! ನನ್ನ ಪ್ರಕಾರ ನಿಜವಾದ ಸಮಸ್ಯೆ ಆಸರೆಯದಲ್ಲ, ವೇಗದ್ದು. ಒಂದು ಲೆಕ್ಕ ನೋಡಿ. ಗೊಂಬೆಯ ಎತ್ತರ ಸುಮಾರು 4 ಸೆಂ.ಮೀ., ಮನುಷ್ಯನ ನಲವತ್ತೆರಡರಲ್ಲಿ ಒಂದು ಪಾಲು. 30 ಸೆಂ.ಮೀ. ಅಗಲದ ಸೆಟ್ ಎಂದರೆ ಅವನ ಪಾಲಿಗೆ ಹನ್ನೆರಡೂವರೆ ಮೀಟರ್. ಲೆಗೊ ಹವ್ಯಾಸಿಗಳು ಸಾಮಾನ್ಯವಾಗಿ ಬಳಸುವುದು ಸೆಕೆಂಡಿಗೆ 15 ಫ್ರೇಮ್. ಸೆಕೆಂಡಿಗೆ 50 ಮೀಟರ್ ಹೋಗುವ ಬಾಣ ಅಷ್ಟು ದೂರ ದಾಟಲು ನಾಲ್ಕೇ ಫ್ರೇಮ್ ಸಾಕು. 400 ಮೀಟರ್ ವೇಗದ ಬಂದೂಕಿನ ಗುಂಡಿಗೆ ಒಂದು ಫ್ರೇಮೂ ಬೇಡ. ಅಂದರೆ ಗುಂಡು ಕಾಣಲೇಬಾರದು. ಹಾಗಾಗಿ ಜಾಣರು ಗುಂಡನ್ನು ತೋರಿಸುವ ಗೋಜಿಗೇ ಹೋಗುವುದಿಲ್ಲ. ಒಂದು ಫ್ರೇಮಿನಲ್ಲಿ ನಳಿಕೆಯ ತುದಿಗೆ ಕಿತ್ತಳೆ ಬಣ್ಣದ ಪಾರದರ್ಶಕ ತುಣುಕು, ಮುಂದಿನದರಲ್ಲಿ ಬಿದ್ದವನ ಟೋಪಿ. ಉಳಿದಿದ್ದನ್ನು ಸದ್ದು ನೋಡಿಕೊಳ್ಳುತ್ತದೆ. ನಮ್ಮ ಹಳೆಯ ಪೌರಾಣಿಕ ಸಿನಿಮಾಗಳಲ್ಲಿ ಬಾಣಗಳು ಆರಾಮಾಗಿ ಬಂದು ಆಕಾಶದಲ್ಲಿ ಎದುರುಬದುರಾಗುತ್ತಿದ್ದವು ಎಂದು ಸುಮ್ನೆ ನಗುತ್ತೇವೆ. ಕಣ್ಣಿಗೆ ಕಾಣಬೇಕಾದರೆ ಅವು ಆರಾಮಾಗೇ ಬರಬೇಕು.

ಇನ್ನು ಮಸುಕು. ನಿಜವಾದ ಕ್ಯಾಮೆರಾದಲ್ಲಿ ವೇಗದ ವಸ್ತು ಗೆರೆಯಂತೆ ಎಳೆದುಕೊಳ್ಳುತ್ತದೆ. ನಿಂತ ವಸ್ತುವಿನ ಫೋಟೊದಲ್ಲಿ ಆ ಗೆರೆ ಇಲ್ಲ, ಅದಕ್ಕೇ ಅದು ಕುಪ್ಪಳಿಸಿದಂತೆ ಕಾಣುತ್ತದೆ. 1981ರ ‘ಡ್ರಾಗನ್‌ಸ್ಲೇಯರ್’ ಚಿತ್ರಕ್ಕೆ ಸ್ಪೆಷಲ್ ಎಫೆಕ್ಟ್ಸ್ ಕಂಪನಿ ಐಎಲ್‌ಎಂನ ತಂಡ ಶಟರ್ ತೆರೆದಿರುವಾಗಲೇ ಮೋಟಾರಿನಿಂದ ಗೊಂಬೆಯನ್ನು ಅಲುಗಿಸಿತು. ಮನೆಯಲ್ಲಿ ಮಾಡುವವರು ಕಂಪ್ಯೂಟರಿನ ಬ್ಲರ್ ಫಿಲ್ಟರ್ ಹಾಕಿದರು. ಅದು ಜಾಸ್ತಿಯಾದರೆ ಇಟ್ಟಿಗೆಯ ಅಂದವೇ ಹಾಳು.

2014ರ ‘ದ ಲೆಗೊ ಮೂವಿ’ ಬಹುಪಾಲು ಕಂಪ್ಯೂಟರಿನಲ್ಲೇ ತಯಾರಾಗಿದ್ದರೂ ಬೇರೆ ದಾರಿ ಹಿಡಿಯಿತು. ಅದರಲ್ಲಿ ಹೊಗೆ, ಬೆಂಕಿ, ಲೇಸರ್ ಎಲ್ಲವೂ ಇಟ್ಟಿಗೆಯವೇ, ವೇಗದ ಮಸುಕು ಕೂಡ. ಮೇಜಿನ ಮೇಲೂ ಇದು ಆಗುವ ಮಾತು. ಬಾಣದ ಹಿಂದೆ ಅದೇ ಬಣ್ಣದ ಮೂರು ನಾಲ್ಕು ತುಣುಕು ಸಾಲಾಗಿ ಸಿಕ್ಕಿಸಿ ಒಂದು ಫ್ರೇಮ್ ತೆಗೆದರೆ ಗೆರೆ ಸಿದ್ಧ, ಫಿಲ್ಟರ್ ಬೇಕಿಲ್ಲ. ಕಡ್ಡಿಯನ್ನು ಮಾತ್ರ ಅಳಿಸಲೇಬೇಕು, ಬಾಲ ಉದ್ದವಾದರೆ ಎರಡು ಕಡ್ಡಿ.